ಹಳೇ ಕಾಡಿನ ಎರಡು ದಿನದ ಕೋರ್ಸ್: ಕತ್ತಿ ಹಿಡಿಯೋದು ಚೆನ್ನಾಗಿ ಕಲಿಸಿದ್ರು, ಕಾಗದಪತ್ರದ ವಿಷಯಕ್ಕೆ ಬಂದಾಗ ಕೈ ಎತ್ತಿದ್ರು

ಇಂಗ್ಲೆಂಡಿಗೆ ಬಂದು ಏಳೆಂಟು ವರ್ಷ ಆಯ್ತು, ಮನೆ ಹಿಂದಿರೋ ಪುಟ್ಟ ಕಾಡಲ್ಲಿ ದಿನಾ ವಾಕಿಂಗ್ ಹೋಗ್ತಿದ್ರೂ ಅದು ಅಷ್ಟು ಹಳೇದು ಅಂತ ತಲೆಗೆ ಬಂದಿರ್ಲಿಲ್ಲ. ಪಕ್ಕದ ಹೊಲದಲ್ಲಿ ಮನೆಗಳನ್ನ ಕಟ್ತೀವಿ ಅಂತ ಬಿಲ್ಡರ್ ಅರ್ಜಿ ಹಾಕಿ, ಕೌನ್ಸಿಲ್‌ನವರು ಕಂಬಕ್ಕೆ ನೋಟಿಸ್ ಕಟ್ಟಿದ ಮೇಲೆ ಬೀದಿಯವರೆಲ್ಲ 'ಏನ್ಷಿಯಂಟ್ ವುಡ್‌ಲ್ಯಾಂಡ್', ಅಂದ್ರೆ ಪುರಾತನ ಕಾಡು, ಅಂತ ಮಾತಾಡೋಕೆ ಶುರು ಮಾಡಿದ್ರು. ಆಕ್ಷೇಪಣೆ ಬರೀಬೇಕು ಅಂದ್ರೆ ಮೊದಲು ಅದೇನು ಅಂತಾದ್ರೂ ಗೊತ್ತಿರಬೇಕಲ್ಲ, ಅದಕ್ಕೆ ಈ ಕೋರ್ಸಿಗೆ ಸೇರ್ಕೊಂಡೆ. ನಡೆಸೋರ ಹೆಸರು ಹೇಳಲ್ಲ, ಕೆಳಗೆ ಸ್ವಲ್ಪ ಬೈದಿದೀನಿ. ಎರಡು ದಿನಕ್ಕೆ 90 ಪೌಂಡ್, ಒಂದು ದಿನ ಫೆಬ್ರವರಿಯಲ್ಲಿ, ಇನ್ನೊಂದು ಏಪ್ರಿಲ್ ಕೊನೇಲಿ.

ಫೆಬ್ರವರಿ ದಿನದ ಬಗ್ಗೆ ಎಷ್ಟು ಹೇಳಿದ್ರೂ ಸಾಲದು. ಅವತ್ತು ಕಾಪಿಸಿಂಗ್, ಅಂದ್ರೆ ಹೇಝಲ್ ಗಿಡಗಳನ್ನ ಬುಡದವರೆಗೂ ಕಡಿದು ಮತ್ತೆ ಚಿಗುರೋಕೆ ಬಿಡೋದು. ಕಾಡು ಉಳಿಸೋದು ಅಂದ್ರೆ ಅದನ್ನ ಮುಟ್ಟದೇ ಇರೋದು ಅಂದ್ಕೊಂಡು ಹೋದವನ ಕೈಗೆ ಬೆಳಗ್ಗೆ ಹತ್ತು ಗಂಟೆಗೆ ತುದಿ ಕೊಕ್ಕೆ ಥರ ಬಾಗಿರೋ ಬಿಲ್‌ಹುಕ್ ಕೊಟ್ಟು 'ಕಡೀರಿ' ಅಂದ್ರು! ಟ್ರೈನರ್ ಅರವತ್ತು ದಾಟಿದ ಹೆಂಗಸು, ನಾನು ಎರಡು ಕೈಯಲ್ಲಿ ಗರಗಸ ಎಳೀತಾ ಏದುಸಿರು ಬಿಡೋ ಹೊತ್ತಿಗೆ ಅವರು ಒಂದು ಪೊದೆ ಮುಗಿಸಿ ಟೀ ಕುಡೀತಿದ್ರು. ನಾನು ಕಡಿದ ಮೊದಲನೇ ಬುಡ ನೋಡಿ ಬೆರಳಿಟ್ಟು ತೋರಿಸಿದ್ರು, ಮಧ್ಯದಲ್ಲಿ ಬಟ್ಟಲಿನ ಥರ ಗುಳಿ ಬಿದ್ದಿತ್ತು. ಅಲ್ಲಿ ಮಳೆ ನೀರು ನಿಂತ್ರೆ ಬುಡ ಕೊಳೆಯುತ್ತೆ, ಅದಕ್ಕೆ ನೆಲಕ್ಕೆ ಹತ್ರ, ಹೊರಗಡೆಗೆ ಇಳಿಜಾರಾಗಿ ಕಡೀಬೇಕಂತೆ. ಮತ್ತೆ ಮಾಡಿಸಿದ್ರು. ಮೂರನೇ ಸಲ ಸರಿ ಬಂತು.

ಹೇಝಲ್‌ನ ಏಳರಿಂದ ಹತ್ತು ವರ್ಷಕ್ಕೊಂದು ಸಲ ಹಿಂಗೆ ಕಡಿದ್ರೆ, ಕಡೀದೇ ಬಿಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಕಾಲ ಆ ಬುಡ ಬದುಕುತ್ತೆ. ಕಡಿದ ಜಾಗಕ್ಕೆ ಬಿಸಿಲು ಬಿದ್ದು ನೆಲದ ಹೂಗಳು ಏಳ್ತವೆ, ಹೂವಿಗೆ ಚಿಟ್ಟೆ ಬರುತ್ತೆ. ಇಲ್ಲಿನ ಎಷ್ಟೋ ಕಾಡುಗಳಲ್ಲಿ ನೂರಾರು ವರ್ಷ ಜನ ಸೌದೆಗೆ, ಬೇಲಿಗೆ ಅಂತ ಇದನ್ನೇ ಮಾಡ್ಕೊಂಡು ಬಂದಿದ್ರು, ನಿಲ್ಲಿಸಿದ ಮೇಲೆ ಒಳಗೆಲ್ಲ ಕತ್ತಲಾಗಿ ಹೂವು ಕಮ್ಮಿ ಆಗಿದೆ. ಆದ್ರೆ ಚಿಗುರು ಬಂದ ತಕ್ಷಣ ಜಿಂಕೆ ತಿಂದು ಮುಗಿಸುತ್ತೆ, ಅದಕ್ಕೆ ಕಡಿದ ಕೊಂಬೆಗಳನ್ನೇ ಬುಡದ ಮೇಲೆ ಗುಡ್ಡೆ ಹಾಕಿ ಮುಚ್ಚಿದ್ವಿ. ಮಾರ್ಚ್ ಬಂದ್ರೆ ಹಕ್ಕಿ ಗೂಡು ಕಟ್ಟೋ ಕಾಲ, ಅಷ್ಟರೊಳಗೆ ಕೆಲಸ ಮುಗೀಬೇಕು. ಅವತ್ತಿನ ದಿನಕ್ಕೆ ಕಣ್ಣು ಮುಚ್ಕೊಂಡು ಐದಕ್ಕೆ ಐದು.

ಏಪ್ರಿಲ್ ದಿನ ಪೂರ್ತಿ ತಲೆ ಬಗ್ಗಿಸ್ಕೊಂಡು ನೆಲ ನೋಡೋದು. ಬ್ಲೂಬೆಲ್ ಅನ್ನೋ ನೀಲಿ ಹೂವಿನ ಕಡೆ ಎಲ್ಲರೂ ಫೋನ್ ಎತ್ಕೊಂಡು ಓಡಿದ್ರು, ಓಡಲಿ ಬಿಡಿ, ಇಡೀ ಪ್ರಪಂಚದ ಬ್ಲೂಬೆಲ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಬ್ರಿಟನ್ನಲ್ಲೇ ಇರೋದು. ಸ್ವಲ್ಪ ತಗ್ಗಿಗೆ ಇಳಿದ ಕೂಡ್ಲೆ ಯಾರೋ ಬೆಳ್ಳುಳ್ಳಿ ಒಗ್ಗರಣೆ ಹಾಕಿದಂಗೆ ವಾಸನೆ, ಅದು ಕಾಡು ಬೆಳ್ಳುಳ್ಳಿ. ನನ್ನ ಮನಸ್ಸಲ್ಲಿ ಕೂತಿದ್ದು ಮಾತ್ರ ವುಡ್ ಅನೆಮೊನಿ ಅನ್ನೋ ಬಿಳಿ ಹೂವು. ಅದು ಹರಡೋದು ನೂರು ವರ್ಷಕ್ಕೆ ಸುಮಾರು ಆರಡಿ ಅಂತ ಲೆಕ್ಕ, ನಮ್ಮ ಮುಂದೆ ಒಂದು ರೂಮಿನಷ್ಟು ಅಗಲ ಹರಡಿತ್ತು, ಲೆಕ್ಕ ನೀವೇ ಹಾಕ್ಕೊಳ್ಳಿ. ಆಮೇಲೆ ಕಾಡಿನ ಅಂಚಲ್ಲಿ ಮಣ್ಣಿನ ದಿಣ್ಣೆ, ಅದರ ಹೊರಗಡೆ ಹಳ್ಳದಂಥ ಕಾಲುವೆ ತೋರಿಸಿದ್ರು, ಹಿಂದಿನೋರು ದನ ಕುರಿ ಒಳಗೆ ಬರದಂಗೆ ತೋಡಿದ್ದು.

ನಂಗೆ ನಿಜವಾಗ್ಲೂ ವಿಷಯ ಅರ್ಥ ಆಗಿದ್ದು ಅಲ್ಲೇ. ಇಂಗ್ಲೆಂಡಲ್ಲಿ 1600ರಿಂದ ಇಲ್ಲಿವರೆಗೆ ಕಾಡಾಗೇ ಉಳಿದಿರೋದಕ್ಕೆ, ಸ್ಕಾಟ್ಲೆಂಡಲ್ಲಾದ್ರೆ 1750ರಿಂದ, ಏನ್ಷಿಯಂಟ್ ವುಡ್‌ಲ್ಯಾಂಡ್ ಅನ್ನೋ ಹೆಸರು. ಮರ ನಿನ್ನೆ ಮೊನ್ನೆ ಬೆಳೆದಿದ್ದೇ ಇರಬಹುದು, ಹಳೇದು ಆ ಮಣ್ಣು, ಮಣ್ಣೊಳಗಿನ ಬೂಷ್ಟು, ಗೆಡ್ಡೆ, ಬೀಜ. ಹಂಗಾಗಿ 'ಒಂದು ಮರಕ್ಕೆ ಹತ್ತು ಸಸಿ ನೆಡ್ತೀವಿ' ಅನ್ನೋ ಬಿಲ್ಡರ್ ಮಾತಿಗೆ ಅರ್ಥಾನೇ ಇಲ್ಲ. ಎಚ್‌ಎಸ್2 ಅನ್ನೋ ಹೈಸ್ಪೀಡ್ ರೈಲಿಗೆ ಇಂಥ ಕಾಡುಗಳನ್ನ ಕಡಿದಾಗ ಮೇಲ್ಮಣ್ಣನ್ನೇ ತೆಗೆದು ಬೇರೆ ಕಡೆ ಸುರಿದ್ರು, ಎಲ್ಲಾದ್ರೂ ಬೇರು ಸಮೇತ ಕಾಡು ಲಾರೀಲಿ ಹೋಗುತ್ತಾ? ಅದೇ ರೈಲಿಗೋಸ್ಕರ ವಾರಿಕ್‌ಶೈರ್‌ನ ಕಬಿಂಗ್ಟನ್ನಲ್ಲಿ ಸುಮಾರು 250 ವರ್ಷದ ಕಾಡು ಪೇರ್ ಮರ, 2015ರಲ್ಲಿ ಇಂಗ್ಲೆಂಡಿನ ವರ್ಷದ ಮರ ಅಂತ ಗೆದ್ದಿದ್ದು, 2020ರಲ್ಲಿ ನೆಲಕ್ಕುರುಳಿತು.

ಈಗ ಬೈಗುಳ. 'ಪ್ಲಾನಿಂಗ್ ಮತ್ತು ಮ್ಯಾಪ್' ಅಂತ ಎರಡು ಗಂಟೆ ಟೈಮ್‌ಟೇಬಲ್‌ನಲ್ಲಿ ಹಾಕಿದ್ರು, ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ. ಊಟ ತಡ ಆಗಿ, ಪ್ರೊಜೆಕ್ಟರ್ ಕೈ ಕೊಟ್ಟು, ಕೊನೆಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ, ಅದನ್ನೂ ಬೇರೆ ಯಾರೋ ಹುಡುಗ ಕೈಯಲ್ಲಿದ್ದ ಪ್ರಿಂಟ್‌ಔಟ್ ನೋಡ್ಕೊಂಡು ಓದಿದ. ಅದರಲ್ಲೂ 'ಹಳೇ ಕಾಡುಗಳ ಸರ್ಕಾರಿ ಲಿಸ್ಟಲ್ಲಿ ಇದ್ರೆ ಯಾರೂ ಮುಟ್ಟೋ ಹಾಗಿಲ್ಲ, ಇಲ್ಲದಿದ್ರೆ ಏನೂ ಮಾಡಕ್ಕಾಗಲ್ಲ' ಅಂದುಬಿಟ್ಟ, ಎರಡೂ ತಪ್ಪು. ಮನೆಗೆ ಬಂದು ನಾನೇ ಕೂತು ಓದಿದೆ. 2018ರಿಂದ ಪ್ಲಾನಿಂಗ್ ನೀತಿಯಲ್ಲಿ ತೀರಾ ಅಪರೂಪದ ಕಾರಣ ಇದ್ರೆ ಮಾತ್ರ ಇಂಥ ಕಾಡಿಗೆ ಹಾನಿ ಮಾಡೋ ಯೋಜನೆಗೆ ಒಪ್ಪಿಗೆ ಅಂತ ಇದೆ, ಅಂದ್ರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಲಿಸ್ಟ್ ಶುರುವಾಗಿದ್ದು 1981ರಲ್ಲಿ, ಆಗ 2 ಹೆಕ್ಟೇರ್‌ಗಿಂತ ಚಿಕ್ಕ ಕಾಡುಗಳನ್ನ ಸೇರಿಸಿರ್ಲಿಲ್ಲ, ಈಗ 0.25 ಹೆಕ್ಟೇರ್‌ವರೆಗೂ ಸೇರಿಸ್ಕೊಂಡು ಪರಿಷ್ಕರಣೆ ಮಾಡ್ತಿದಾರೆ. ನಮ್ಮದು ಒಂದೂವರೆ ಹೆಕ್ಟೇರೂ ಇಲ್ಲ! ಹುಡುಗನ ಮಾತು ನಂಬಿದ್ದಿದ್ರೆ ಅವತ್ತೇ ಕೈ ಬಿಟ್ಟುಬಿಡ್ತಿದ್ದೆ. ಲಿಸ್ಟಲ್ಲಿ ಇಲ್ಲದಿದ್ರೂ ಹಳೇದು ಅಂತ ಪುರಾವೆ ಕೊಡಬಹುದು, 1840ರ ಸುಮಾರಿನ ಟೈಥ್ ಮ್ಯಾಪ್ (ಚರ್ಚಿನ ತೆರಿಗೆ ಲೆಕ್ಕಕ್ಕೆ ಮಾಡಿದ ನಕ್ಷೆ), ಹಳೇ ಸರ್ವೆ ನಕ್ಷೆ, ದಿಣ್ಣೆ ಕಾಲುವೆ ಫೋಟೋ, ಹೂಗಳ ಪಟ್ಟಿ. ಏಪ್ರಿಲ್ ದಿನ ಇಷ್ಟು ಚೆನ್ನಾಗಿ ಕಲಿಸಿದ್ದನ್ನ ಎಲ್ಲಿ ಉಪಯೋಗಿಸಬೇಕು ಅಂತ ಒಂದು ಮಾತು ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು?

ಇದನ್ನೆಲ್ಲ ಇಮೇಲ್ ಮಾಡಿದೆ, ಸಾರಿ ಅಂತ ಉತ್ತರ ಬಂತು, ಮುಂದಿನ ಬ್ಯಾಚಿಂದ ಆ ಭಾಗಕ್ಕೆ ಅರ್ಧ ದಿನ ಕೊಡ್ತಾರಂತೆ, ನೋಡೋಣ. ಒಟ್ಟು ಐದಕ್ಕೆ ಮೂರೂವರೆ. ಬರೀ ಕಾಡಿನ ಕೆಲಸ ಕಲೀಬೇಕು ಅನ್ನೋರು ಯೋಚನೆ ಮಾಡದೆ ಸೇರ್ಕೊಳ್ಳಿ, ನನ್ನ ಥರ ಅರ್ಜಿ ವಿರುದ್ಧ ಬರೆಯೋಕೆ ಹೊರಟೋರು ಬುಕ್ ಮಾಡೋ ಮುಂಚೆ ಮ್ಯಾಪ್ ಕ್ಲಾಸ್ ಯಾರು ತಗೋತಾರೆ ಅಂತ ಕೇಳಿ. ಗ್ಲೌಸ್ ಅವರೇ ಕೊಡ್ತಾರೆ, ಊಟ ನೀವೇ ಕಟ್ಕೊಂಡು ಹೋಗಿ, ಬೂಟು ಹಳೇದಿರಲಿ.

ಹೋದ ಭಾನುವಾರ ಪಕ್ಕದ ಮನೆಯವರ ಜೊತೆ ಟೇಪ್ ತಗೊಂಡು ಹೋಗಿದ್ದೆ. ಕಾಡಿನ ಅಂಚಿಂದ ಕಮ್ಮಿ ಅಂದ್ರೆ 15 ಮೀಟರ್ ಜಾಗ ಬಿಡಬೇಕು, ಮನೆ ಹಿತ್ತಲು ಕೂಡ ಅದರೊಳಗೆ ಬರಬಾರದು ಅಂತ ಸರ್ಕಾರಿ ಸಲಹೆ ಇದೆ. ಬಿಲ್ಡರ್ ನೆಟ್ಟಿರೋ ಗೂಟದಿಂದ ಕಾಲುವೆವರೆಗೆ ಅಳೆದ್ವಿ, 9 ಮೀಟರ್. ಗೂಟದ ಪಕ್ಕ ಟೇಪ್ ಇಟ್ಟು ಫೋಟೋ ತೆಗೆದಿದೀನಿ, ಆಕ್ಷೇಪಣೆ ಕಳಿಸೋಕೆ ಇನ್ನೂ ಹನ್ನೊಂದು ದಿನ ಟೈಮ್ ಇದೆ.