ಎದೆಬಡಿತಕ್ಕೆ ಪಾಯಿಂಟ್ ಕೊಡುವ ಇನ್ಶೂರೆನ್ಸ್ ಆ್ಯಪ್: ವಿರಾಜಪೇಟೆಯಲ್ಲಿ ಎರಡು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರು ಸ್ಟಾರ್. ಪ್ರೀಮಿಯಂನಲ್ಲಿ ಒಂದಿಷ್ಟು ದುಡ್ಡು ಉಳಿಯುತ್ತದೆ, ಅದಕ್ಕೆ ಎರಡು. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತದೆ, ಅದಕ್ಕೆ ಒಂದು. ಉಳಿದ ಎರಡನ್ನು ಯಾಕೆ ಕೊಡಲಿಲ್ಲ ಅನ್ನುವುದೇ ಈ ರಿವ್ಯೂ. ಕೊಳ್ಳುವ ಮುಂಚೆ ನಾನು ಓದಿದ ರಿವ್ಯೂಗಳೆಲ್ಲ ಮೊದಲ ವಾರದ ಖುಷಿಯಲ್ಲಿ ಬರೆದವು. ಹಾಗಾಗಿ ಸ್ವಲ್ಪ ಉದ್ದ ಆದರೂ ಬರೆಯುತ್ತಿದ್ದೇನೆ.

ನನಗೆ 46 ವರ್ಷ. ಪೇಟೆಯಲ್ಲಿ ಆಫೀಸ್ ಕೆಲಸ, ಊರಾಚೆ ಸ್ವಲ್ಪ ಕಾಫಿ ತೋಟ. ಕಾಲೇಜಿನಲ್ಲಿದ್ದಾಗ ಹಾಕಿ ಆಡುತ್ತಿದ್ದೆ, ಈಗಲೂ ಭಾನುವಾರ ಹೆಂಗಸರ ಟೀಮಿನಲ್ಲಿ ಆಡುತ್ತೇನೆ. ವಾರದ ಮಧ್ಯೆ ಅಮ್ಮತ್ತಿ ರಸ್ತೆಯಲ್ಲಿ ಓಟ. ಕಂಪನಿಯ ಹೆಸರು ಬೇಡ. ಹೆಲ್ತ್ ಪಾಲಿಸಿ ಜೊತೆ ಇಂಥ ಸ್ಕೀಮ್ ಕೊಡುವವರು ಈಗ ಹಲವರಿದ್ದಾರೆ.

ನಿಯಮ ಕೇಳಲು ಸುಲಭ. ವಾಚ್ ಕಟ್ಟಿಕೊಂಡು ಕನಿಷ್ಠ 30 ನಿಮಿಷ ವ್ಯಾಯಾಮ ಮಾಡಬೇಕು. ಆ ಹೊತ್ತಿನ ಸರಾಸರಿ ಎದೆಬಡಿತ ನಿಮ್ಮ ಗರಿಷ್ಠದ ಶೇ. 60 ದಾಟಿದರೆ ಚೂರು ಪಾಯಿಂಟ್, 70 ದಾಟಿದರೆ ಇನ್ನಷ್ಟು, 80 ದಾಟಿದರೆ ಪೂರ್ತಿ. ಹೆಜ್ಜೆ ಎಣಿಕೆಗೂ ಪಾಯಿಂಟ್ ಇದೆ, ಆದರೆ ಕಮ್ಮಿ. ವರ್ಷದ ಕೊನೆಗೆ ಒಟ್ಟು ಪಾಯಿಂಟ್ ನೋಡಿ ರಿನ್ಯೂವಲ್‌ನಲ್ಲಿ ರಿಯಾಯಿತಿ.

ಇಲ್ಲಿ ‘ನಿಮ್ಮ ಗರಿಷ್ಠ’ ಅಂತಾರಲ್ಲ, ಅದು ನಿಮ್ಮದಲ್ಲ. 220ರಲ್ಲಿ ವಯಸ್ಸು ಕಳೆದರೆ ಬರುವ ಸಂಖ್ಯೆ ಅಷ್ಟೇ. ನನಗೆ 174. ಈ ಸೂತ್ರ ಬಂದದ್ದು 1971ರಲ್ಲಿ ಫಾಕ್ಸ್, ಹ್ಯಾಸ್ಕೆಲ್ ಮತ್ತಿತರರು ಬರೆದ ಲೇಖನದಿಂದ. ಅವರು ಹಳೆಯ ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ಅಂದಾಜಿನ ಗೆರೆ ಎಳೆದಿದ್ದರು. ಒಬ್ಬೊಬ್ಬರ ವಿಷಯಕ್ಕೆ ಬಂದರೆ ಅದು 10–12 ಬಡಿತ ಆಚೀಚೆ ಆಗುವುದು ತೀರಾ ಮಾಮೂಲಿ. 2001ರಲ್ಲಿ ತನಾಕಾ ಮತ್ತು ಜೊತೆಗಾರರು ಅದನ್ನು ತಿದ್ದಿ, 208ರಲ್ಲಿ ವಯಸ್ಸಿನ 0.7 ಪಟ್ಟು ಕಳೆಯಿರಿ ಅಂದರು. 40 ವರ್ಷದವರಿಗೆ ಎರಡೂ ಸೂತ್ರದಲ್ಲಿ 180 ಬರುತ್ತದೆ. 65ಕ್ಕೆ ಬಂದರೆ ಹಳೆಯದರಲ್ಲಿ 155, ಹೊಸದರಲ್ಲಿ 162 ದಾಟುತ್ತದೆ. ಹೆಂಗಸರಿಗೇ ಅಂತ 2010ರಲ್ಲಿ ಮಾರ್ಥಾ ಗುಲಾಟಿ ತಂಡ ಬೇರೆ ಸೂತ್ರ ಕೊಟ್ಟಿತು: 206ರಲ್ಲಿ ವಯಸ್ಸಿನ 0.88 ಪಟ್ಟು ಕಳೆಯಬೇಕು. ಅದರ ಪ್ರಕಾರ ನನಗೆ 165 ಚಿಲ್ಲರೆ. ಇಷ್ಟೆಲ್ಲ ಆದರೂ ಆ್ಯಪ್ ಇನ್ನೂ 220ರಲ್ಲೇ ಇದೆ, ಗಂಡಸು ಹೆಂಗಸು ಎಲ್ಲರಿಗೂ ಒಂದೇ.

ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿ, ಡಾಕ್ಟರ್ ಏನೂ ತೊಂದರೆ ಇಲ್ಲ ಅಂದ ಮೇಲೆ, ಎದೆಗೆ ಕಟ್ಟುವ ಪಟ್ಟಿ ಹಾಕಿಕೊಂಡು ಮಲೆತಿರಿಕೆ ಬೆಟ್ಟದ ಏರಿನಲ್ಲಿ ಉಸಿರು ಕಟ್ಟುವಷ್ಟು ಓಡಿ ನೋಡಿದೆ. ಕಂಡ ಅತಿ ಹೆಚ್ಚಿನ ಸಂಖ್ಯೆ 167. ಅಂದರೆ ಆ್ಯಪ್ ಕೇಳುವ ಶೇ. 80, ಅಂದರೆ 139, ನನ್ನ ಪಾಲಿಗೆ ಶೇ. 83. ಮೂರು ಪರ್ಸೆಂಟ್ ತಾನೇ ಅನ್ನಬೇಡಿ. ಮಾತಾಡಿಕೊಂಡು ಓಡುವುದಕ್ಕೂ ಹಲ್ಲು ಕಚ್ಚಿ ಓಡುವುದಕ್ಕೂ ನಡುವೆ ಇರುವ ವ್ಯತ್ಯಾಸ ಅಷ್ಟೇ.

ನಮ್ಮ ಯಜಮಾನರ ಕಥೆ ಇದಕ್ಕೆ ಉಲ್ಟಾ. ಅವರಿಗೆ 48, ಓಟ ಅಂದರೆ ಆಗಲ್ಲ. ತೋಟದ ದಿಣ್ಣೆ ಹತ್ತಿ ಪಂಪ್‌ಸೆಟ್ ನೋಡಿ ಬರುವಷ್ಟರಲ್ಲಿ ಅವರ ಎದೆಬಡಿತ 145. ಅರ್ಧ ಗಂಟೆ ಹೀಗೆ ಹತ್ತಿ ಇಳಿದರೆ ಪೂರ್ತಿ ಪಾಯಿಂಟ್! ಕಾಫಿ ಕುಡಿಯುತ್ತಾ ಫೋನ್ ತೋರಿಸಿ, “ನೋಡು, ನಾನೇ ನಿನಗಿಂತ ಫಿಟ್” ಅಂತ ನಗುತ್ತಾರೆ.

ತಮಾಷೆ ಇರಲಿ, ಈ ಸ್ಕೀಮಿನ ಅಸಲು ತೊಂದರೆ ಇದೇ. ದಿನಾ ಓಡುವವರ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಪಂಪ್ ಮಾಡುತ್ತದೆ, ಹಾಗಾಗಿ ಅದೇ ಓಟಕ್ಕೆ ಕಮ್ಮಿ ಬಡಿತ ಸಾಕು. ಶುರುವಿನಲ್ಲಿ ಸುಮ್ಮನೆ ಕೂತಾಗ ನನ್ನ ಬಡಿತ 72 ಇತ್ತು, ಈಗ 58. ಮೊದಲು 145ರಲ್ಲಿ ಓಡುತ್ತಿದ್ದ ವೇಗ ಈಗ 130ರ ಆಸುಪಾಸಿನಲ್ಲೇ ಬರುತ್ತದೆ. ಅದೇ ರಸ್ತೆ, ಅದೇ ಟೈಮ್, ಪಾಯಿಂಟ್ ಮಾತ್ರ ಕಮ್ಮಿ. ಆರೋಗ್ಯ ಸುಧಾರಿಸಿದ್ದಕ್ಕೆ ಇನ್ಶೂರೆನ್ಸ್ ಕಂಪನಿಯೇ ದಂಡ ಹಾಕಿದ ಹಾಗಾಯಿತು, ಅಲ್ವಾ?

ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ. 1957ರಲ್ಲೇ ಫಿನ್‌ಲ್ಯಾಂಡಿನ ಕಾರ್ವೊನೆನ್ ಬೇರೆ ಲೆಕ್ಕ ತೋರಿಸಿದ್ದರು: ಗರಿಷ್ಠದಲ್ಲಿ ವಿಶ್ರಾಂತಿಯ ಬಡಿತ ಕಳೆದು, ಉಳಿದದ್ದರ ಶೇಕಡಾವಾರು ತೆಗೆದು, ಮತ್ತೆ ವಿಶ್ರಾಂತಿಯ ಬಡಿತ ಕೂಡಿಸುವುದು. ಹೃದಯ ಸುಧಾರಿಸಿದ ಹಾಗೆ ಗುರಿಯೂ ಕೆಳಗಿಳಿಯುತ್ತದೆ. ಫಿಟ್‌ಬಿಟ್‌ನ ಆ್ಯಕ್ಟಿವ್ ಝೋನ್ ಮಿನಿಟ್ಸ್ ಅನ್ನುವ ಲೆಕ್ಕ ಹೆಚ್ಚುಕಮ್ಮಿ ಇದೇ ದಾರಿ ಹಿಡಿದಿದೆ. ಅಲ್ಲಿ ಮಧ್ಯಮ ಶ್ರಮದ ನಿಮಿಷಕ್ಕೆ ಒಂದು, ಜೋರಿನದಕ್ಕೆ ಎರಡು ಲೆಕ್ಕ, ವಾರಕ್ಕೆ 150ರ ಗುರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ. ನನ್ನ ವಾಚಿನಲ್ಲಿ ನಿಜವಾದ ಗರಿಷ್ಠ 167 ಅಂತ ಹಾಕಲು ಜಾಗ ಇದೆ, ಹಾಕಿದ್ದೇನೆ ಕೂಡ. ಆ್ಯಪ್ ಅದನ್ನು ಓದುವುದೇ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ “ವಯಸ್ಸಿಗೆ ತಕ್ಕ ಹಾಗೆ ಸಿಸ್ಟಮ್ಮೇ ಹಾಕುತ್ತೆ ಮೇಡಂ” ಅಂತ ಒಂದೇ ಉತ್ತರ.

ಇನ್ನು ಮಳೆಗಾಲ. ಕೊಡಗಿನಲ್ಲಿ ಕೂತು ವಾಚಿನ ರಿವ್ಯೂ ಬರೆಯುವಾಗ ಜೂನ್, ಜುಲೈ ಬಿಟ್ಟರೆ ಆಗುತ್ತಾ? ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದ ಕೆಳಗೆ ರಕ್ತ ಹರಿಯುವುದನ್ನು ನೋಡಿ ಬಡಿತ ಎಣಿಸುತ್ತದೆ. ಚಳಿಗೆ ಕೈ ಮರಗಟ್ಟಿದರೆ ಚರ್ಮಕ್ಕೆ ರಕ್ತ ಕಮ್ಮಿ ಬರುತ್ತದೆ, ವಾಚ್ ತಡಕಾಡುತ್ತದೆ. ರೈನ್‌ಕೋಟಿನ ತೋಳು ಸಿಕ್ಕಿಕೊಂಡು ಪಟ್ಟಿ ಸಡಿಲ ಆದರಂತೂ ಮುಗಿಯಿತು. ಒಮ್ಮೊಮ್ಮೆ ಬಡಿತದ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ. ನನ್ನ ಹೆಜ್ಜೆ ನಿಮಿಷಕ್ಕೆ 165ರ ಹತ್ತಿರ. ಮಲೆತಿರಿಕೆಯಿಂದ ಗೆಳತಿ ಜೊತೆ ಹರಟುತ್ತಾ ನಿಧಾನಕ್ಕೆ ಜಾಗ್ ಮಾಡಿ ಇಳಿಯುವಾಗ ವಾಚ್ 166 ತೋರಿಸುತ್ತಿತ್ತು. ಆವತ್ತು ಪೂರ್ತಿ ಪಾಯಿಂಟ್ ಬಂತು, ವಾಪಸ್ ಕೊಡಲು ಹೋಗಲಿಲ್ಲ! ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಹಾಗಾಗಿ ಈ ರಗಳೆ ತುಂಬಾ ಕಮ್ಮಿ. ಈಗ ಮಳೆಗಾಲ ಪೂರ್ತಿ ಅದನ್ನೇ ವಾಚಿಗೆ ಜೋಡಿಸಿ ಓಡುತ್ತೇನೆ. ಪಟ್ಟಿಯನ್ನು ಹಾಕುವ ಮುಂಚೆ ಚೂರು ಒದ್ದೆ ಮಾಡಿಕೊಳ್ಳಿ ಅಂತಾರೆ, ನಮ್ಮಲ್ಲಿ ಆ ಕೆಲಸ ಮಳೆಯೇ ಮಾಡುತ್ತದೆ.

ಮಳೆಯ ಇನ್ನೊಂದು ಕಾಟ ನೆಟ್‌ವರ್ಕ್. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಟವರೂ ಹೋಗುತ್ತದೆ. ವ್ಯಾಯಾಮ ಮಾಡಿದ ಕೆಲವೇ ದಿನದೊಳಗೆ ಸಿಂಕ್ ಆಗದಿದ್ದರೆ ಪಾಯಿಂಟ್ ಇಲ್ಲ ಅಂತ ಇವರ ಷರತ್ತು. ನಮ್ಮ ಕಡೆಯವರು ತೆಗೆದುಕೊಳ್ಳುವ ಮುಂಚೆ ಈ ಒಂದು ಸಾಲನ್ನು ಹುಡುಕಿ ಓದಿ.

ಹಾಕಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ಹದಿನೈದು ನಿಮಿಷದ ಕ್ವಾರ್ಟರ್, ನಡುವೆ ಆಟಗಾರರ ಬದಲಾವಣೆ. ಮೈದಾನದಲ್ಲಿ 160 ದಾಟಿದ ಬಡಿತ ಬೆಂಚಿನಲ್ಲಿ ಕೂತಾಗ ಇಳಿದು ಸರಾಸರಿಯನ್ನೇ ಎಳೆದು ಹಾಕುತ್ತದೆ. ಸ್ಟಿಕ್ ಹಿಡಿದು ಮಣಿಕಟ್ಟು ತಿರುಗಿಸುವಾಗ ವಾಚಿನ ಓದು ಬೇರೆ ಕುಣಿಯುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಟೂರ್ನಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳು ಆಡಿದವು. ಇಂಥ ಊರಿನಲ್ಲಿ ಪಾಲಿಸಿ ಮಾರುವವರಿಗೆ, ನಿಂತು ನಿಂತು ಓಡುವ ಆಟವನ್ನು ಅಳೆಯುವ ದಾರಿ ಗೊತ್ತಿಲ್ಲ ಅಂದರೆ ಹೇಗೆ? ಜನವರಿಯ ರೋಬಸ್ಟಾ ಕುಯ್ಲಿನ ದಿನಗಳೂ ಹಾಗೇ. ದಿನವಿಡೀ ಇಳಿಜಾರಿನಲ್ಲಿ ನಿಂತು ಕೊಂಬೆ ಬಗ್ಗಿಸಿ, ಸಂಜೆ ಮೂಟೆ ತೂಗಿ, ಕಣದಲ್ಲಿ ಹಣ್ಣು ಹರಡುವಷ್ಟರಲ್ಲಿ ಸೊಂಟ ಬಿದ್ದು ಹೋಗಿರುತ್ತದೆ. ಬಡಿತ ಮಾತ್ರ 104, ಅಂದರೆ ಶೇ. 60, ದಾಟಿರುವುದಿಲ್ಲ. ಹೆಜ್ಜೆಯ ಪಾಯಿಂಟ್ ಅಷ್ಟೇ ಗತಿ.

ಹಾಗಂತ ಈ ಬಹುಮಾನದ ಆಸೆ ಕೆಲಸ ಮಾಡಲ್ಲ ಅನ್ನಲಾರೆ. ಇಂಥ ಸ್ಕೀಮಿಗೆ ಹೆಸರಾದದ್ದು ದಕ್ಷಿಣ ಆಫ್ರಿಕಾದಲ್ಲಿ 1997ರಲ್ಲಿ ಶುರುವಾದ ವೈಟಾಲಿಟಿ. ಅವರು ಆ್ಯಪಲ್ ವಾಚನ್ನು ಮೊದಲು ಸ್ವಲ್ಪವೇ ದುಡ್ಡಿಗೆ ಕೊಟ್ಟು, ವ್ಯಾಯಾಮ ತಪ್ಪಿದ ತಿಂಗಳು ಕಂತು ಕಟ್ಟಿಸಿಕೊಳ್ಳುವ ಏರ್ಪಾಡು ಮಾಡಿದ್ದರು. 2018ರಲ್ಲಿ ರಾಂಡ್ ಯುರೋಪ್ ಅನ್ನುವ ಸಂಶೋಧನಾ ಸಂಸ್ಥೆ ಅದನ್ನು ಅಧ್ಯಯನ ಮಾಡಿ, ವಾಚ್ ಇಲ್ಲದೆ ಬರೀ ಬಹುಮಾನ ಪಡೆಯುತ್ತಿದ್ದವರಿಗಿಂತ ಇವರ ಚಟುವಟಿಕೆ ಶೇ. 34 ಜಾಸ್ತಿ ಆಯಿತು ಅಂತ ಹೇಳಿತು. ನನಗೂ ಅಷ್ಟೇ. ಐದೂವರೆಗೆ ಮಂಜಿನಲ್ಲಿ ಗೇಟ್ ತೆಗೆಯುವಾಗ ತಲೆಯಲ್ಲಿ ಇರುವುದು ಆರೋಗ್ಯ ಅಲ್ಲ, ಈ ವಾರದ ಟಾರ್ಗೆಟ್ ಕೈತಪ್ಪುತ್ತದೆ ಅನ್ನುವ ಸಂಕಟ.

ಆದರೆ ಆ ಟಾರ್ಗೆಟ್ ಪ್ರತಿ ಓಟವನ್ನೂ ಜೋರು ಓಟ ಮಾಡಿಸುತ್ತದೆ. ದೊಡ್ಡ ಓಟಗಾರರು, ದೋಣಿ ಸ್ಪರ್ಧಿಗಳು ಹೇಗೆ ಅಭ್ಯಾಸ ಮಾಡುತ್ತಾರೆ ಅಂತ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೀಲರ್ ನೋಡಿದಾಗ, ಅವರ ಅಭ್ಯಾಸದಲ್ಲಿ ಸುಮಾರು ಶೇ. 80 ಭಾಗ ಆರಾಮಿನದೇ ಇತ್ತು. ನಮ್ಮ ಆ್ಯಪಿನಲ್ಲಿ ಆರಾಮಿನ ಓಟಕ್ಕೆ ಚಿಲ್ಲರೆ ಕಾಸು. ಅದಕ್ಕೇ ನಾನು ಪಾಯಿಂಟ್‌ಗೆ ಅಂತ ವಾರಕ್ಕೆ ಎರಡು ದಿನ ಮಾತ್ರ ಇಟ್ಟಿದ್ದೇನೆ. ಒಂದು ದಿನ ಏರಿನಲ್ಲಿ ಓಟ, ಒಂದು ದಿನ ಮೈದಾನದಲ್ಲಿ ಓಟ. ಮಿಕ್ಕ ದಿನ ಮಾತಾಡಿಕೊಂಡು ಓಡುವಷ್ಟೇ ವೇಗ, ಬಂದಷ್ಟು ಬರಲಿ. ಈ ವರ್ಷ ರಿಯಾಯಿತಿ ಕಮ್ಮಿ ಬಂತು. ಮಂಡಿ ನೋವು ಹೋಯಿತು.

ದುಡ್ಡಿನ ವಿಷಯ ಚುಟುಕಾಗಿ: ವಿಮಾ ಕಂಪನಿಗಳು ಹೀಗೆ ಪಾಯಿಂಟ್, ವೋಚರ್, ರಿನ್ಯೂವಲ್ ರಿಯಾಯಿತಿ ಕೊಡುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರಲ್ಲಿ ಮಾರ್ಗಸೂಚಿ ತಂದಿತ್ತು. ವೋಚರ್ ಆರಿಸಬೇಡಿ. ನನಗೆ ಬಂದವು ದೊಡ್ಡ ಊರಿನ ಜಿಮ್, ಮಾಲ್ ಅಂಗಡಿಗಳದ್ದು, ವಿರಾಜಪೇಟೆಯಲ್ಲಿ ಕೂತು ಅವನ್ನು ಏನು ಮಾಡುವುದು? ರಿಯಾಯಿತಿಯನ್ನೇ ತೆಗೆದುಕೊಳ್ಳಿ.

ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಗಮನಿಸಿ. ಪಕ್ಕದ ಮನೆಯ ಸುಬೇದಾರ್ ಸಾಹೇಬರಿಗೆ 68, ಸೇನೆಯಿಂದ ನಿವೃತ್ತರು, ದಿನಾ ಬೆಳಿಗ್ಗೆ ಮಲೆತಿರಿಕೆ ಹತ್ತುತ್ತಾರೆ. ಆ್ಯಪ್ ಅವರಿಗೆ ಕೇಳುವುದು 122. ಅವರು ತೆಗೆದುಕೊಳ್ಳುವುದು ಮೆಟೊಪ್ರೊಲಾಲ್, ಬೀಟಾ ಬ್ಲಾಕರ್ ಗುಂಪಿನ ಮಾತ್ರೆ. ಅದರ ಕೆಲಸವೇ ಎದೆಬಡಿತ ತಗ್ಗಿಸುವುದು. ಎಷ್ಟು ಹತ್ತಿದರೂ 100 ದಾಟಲ್ಲ. “ಪಾಯಿಂಟ್ ಬೇಕಾದ ದಿನ ಮಾತ್ರೆ ಬಿಟ್ರೆ ಹೇಗಮ್ಮಾ?” ಅಂತ ಒಂದು ದಿನ ಕೇಳಿದರು. “ಬೇಡಿ ಸಾರ್, ದಯವಿಟ್ಟು ಹಾಗೆ ಮಾಡ್ಬೇಡಿ” ಅಂದೆ. ಈ ಮಾತ್ರೆಯನ್ನು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಬಿಪಿ ಏರಬಹುದು, ಎದೆನೋವು ಬರಬಹುದು, ಹೃದಯಾಘಾತವೂ ಆಗಬಹುದು. ಆ್ಯಪಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ. ಕೊನೆಗೆ ಡಾಕ್ಟರ ಚೀಟಿ ಲಗತ್ತಿಸಿ ಇಮೇಲ್ ಮಾಡಿದೆವು. ನಾಲ್ಕಾರು ಸಲ ನೆನಪಿಸಿದ ಮೇಲೆ ಅವರನ್ನು ಹೆಜ್ಜೆಯ ಲೆಕ್ಕಕ್ಕೆ ಬದಲಾಯಿಸಿ, ಪೂರ್ತಿ ಪಾಯಿಂಟ್ ಸಿಗುವ ಹಾಗೆ ಮಾಡಿಕೊಟ್ಟರು. ಈ ಸೌಲಭ್ಯ ಆ್ಯಪಿನ ಮೆನುವಿನಲ್ಲಿ ಎಲ್ಲೂ ಕಾಣುವುದಿಲ್ಲ. ಫೋನಿನಲ್ಲಿ ಕೇಳಿದರೆ ಇಲ್ಲ ಅಂತಾರೆ. ಬರೆದೇ ಕೇಳಿ, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ.