ಏಳು ಹೋಂವರ್ಕು, ನಾಲ್ಕು ದಿನ, ಎರಡು ನಿಮಿಷ: ನ್ಯೂಯಾರ್ಕಿನ ಪಿಚ್ ಕಮ್ಮಟದಲ್ಲಿ ಕೊಟ್ಟ ದುಡ್ಡಿಗೆ ಸಿಗುವುದೇನು?

ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಮುಗಿಸಿದವರು ಅಮೆರಿಕದ ದೊಡ್ಡ ಪ್ರಕಾಶಕರಿಗೆ ಅದನ್ನು ನೇರವಾಗಿ ಕಳಿಸುವಂತಿಲ್ಲ. ಲೇಖಕರ ಪರವಾಗಿ ಪುಸ್ತಕ ಮಾರಿಕೊಡುವ ಏಜೆಂಟ್ ಮೂಲಕ ಬಾರದ ಹಸ್ತಪ್ರತಿಯನ್ನು ಅವರು ಸಾಮಾನ್ಯವಾಗಿ ಓದುವುದೇ ಇಲ್ಲ. ಏಜೆಂಟರ ಇನ್‌ಬಾಕ್ಸಾದರೋ ಸಂತೆಯ ದಿನದ ಬಸ್ಸಿನ ಹಾಗೆ. ಈ ಇಕ್ಕಟ್ಟನ್ನೇ ನಂಬಿಕೊಂಡು ಹುಟ್ಟಿದ್ದು ಪಿಚ್ ಕಮ್ಮಟ. ಶುಲ್ಕ ಕೊಟ್ಟರೆ ಎಡಿಟರ್ ಎದುರು ಕೂತು ಎರಡು ನಿಮಿಷದಲ್ಲಿ ನಿಮ್ಮ ಕಾದಂಬರಿ ಏನೆಂದು ಹೇಳಬಹುದು; ಆ ಮಾತೇ 'ಪಿಚ್'. ಹಿಡಿಸಿದರೆ ಅವರು ಪುಟಗಳನ್ನು ಕಳಿಸಲು ಕೇಳುತ್ತಾರೆ.

ಇವುಗಳಲ್ಲಿ ಹೆಸರಾದದ್ದು ಆಲ್ಗಾಂಕಿಯನ್ ಸಂಸ್ಥೆ ನ್ಯೂಯಾರ್ಕಿನಲ್ಲಿ ನಡೆಸುವ 'ರೈಟ್ ಟು ಪಿಚ್'. ಮೊದಲು ಇದಕ್ಕೆ 'ನ್ಯೂಯಾರ್ಕ್ ಪಿಚ್ ಕಾನ್ಫರೆನ್ಸ್' ಎಂಬ ಹೆಸರಿತ್ತು. ಇದು ವರ್ಷಕ್ಕೆ ನಾಲ್ಕು ಸಲ, ಪ್ರತಿ ಸಲ ನಾಲ್ಕು ದಿನ ನಡೆಯುತ್ತದೆ. ಬಂದವರನ್ನು ಕಾದಂಬರಿಯ ಪ್ರಕಾರಕ್ಕೆ ತಕ್ಕಂತೆ ಗುಂಪು ಮಾಡಿ, ಗುಂಪಿಗೊಬ್ಬ ಮಾರ್ಗದರ್ಶಕರನ್ನು ಕೊಡುತ್ತಾರೆ. ಮೊದಲು ಗುಂಪಿನೊಳಗೇ ಪಿಚ್ ತಿದ್ದುವ ಕೆಲಸ. ಆಮೇಲೆ ಪ್ರಕಾಶನ ಸಂಸ್ಥೆಗಳ ಎಡಿಟರ್‌ಗಳು ಒಬ್ಬೊಬ್ಬರಾಗಿ ಬಂದು ಕೇಳುತ್ತಾರೆ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಬೆಲೆಬಾಳುವುದು ಎಡಿಟರ್ ಭೇಟಿಯಲ್ಲ, ಹೋಗುವ ಮೊದಲು ಮಾಡಿಕೊಂಡು ಬರಬೇಕಾದ ಏಳು ಹೋಂವರ್ಕು. ತಮಾಷೆಯೆಂದರೆ ಆ ಏಳೂ ಅವರ ಜಾಲತಾಣದಲ್ಲಿ ಬಿಟ್ಟಿಯಾಗಿಯೇ ಸಿಗುತ್ತವೆ.

ಅವು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದು ಕಲ್ಪಿತ ಕಾದಂಬರಿ ತೆಗೆದುಕೊಳ್ಳೋಣ. ಬೆಂಗಳೂರಿನ ಯಾರೋ ಇಂಗ್ಲಿಷಿನಲ್ಲಿ ಶರಾವತಿ ಮುಳುಗಡೆಯ ಕಥೆ ಬರೆದಿದ್ದಾರೆ ಎನ್ನಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ; ಕಥೆ ಶುರುವಾಗುವುದು 1962ರಲ್ಲಿ. ಲೇಖಕರು ಮೊದಲ ಸಲ ಹೇಳುವ ಪಿಚ್ ಹೀಗಿರುತ್ತದೆ: 'ಇದು ಮಲೆನಾಡಿನ ಒಂದು ಮನೆತನದ ಮೂರು ತಲೆಮಾರಿನ ಕಥೆ. ನೆಲ, ನೆನಪು ಮತ್ತು ಅಭಿವೃದ್ಧಿಯ ದುರಂತವನ್ನು ಶೋಧಿಸುತ್ತದೆ.' ಸೆಮಿನಾರಿಗೆ ಇದು ಸಾಕು. ಕೇಳಿದ ಎಡಿಟರ್‌ಗೆ ಮಾತ್ರ ಯಾರು ಏನು ಮಾಡುತ್ತಾರೆ ಎಂಬುದೇ ಸಿಕ್ಕಿರುವುದಿಲ್ಲ.

ಮೊದಲ ಹೋಂವರ್ಕು ಕೇಳುವುದು ಅದನ್ನೇ: ನಾಯಕ ಅಥವಾ ನಾಯಕಿ ಮಾಡಲೇಬೇಕಾದ ಕೆಲಸ ಯಾವುದು, ಒಂದೇ ವಾಕ್ಯದಲ್ಲಿ ಹೇಳಿ. ಒಂದು ವಾರ ತಿಣುಕಿದ ಮೇಲೆ ಹೊರಬರುವುದು: 'ತೀರಿಹೋದ ಶಾನುಭೋಗರ ವಿಧವೆ ಮಗಳು, ಅಪ್ಪನ ಲೆಕ್ಕದ ಪುಸ್ತಕದಿಂದ ಬಿಟ್ಟುಹೋದ ಗೇಣಿದಾರರ ಹೆಸರುಗಳನ್ನು ಪರಿಹಾರದ ಪಟ್ಟಿ ಸಾಗರ ಪೇಟೆಯ ಕಚೇರಿಗೆ ಹೋಗುವ ಮೊದಲು ಸೇರಿಸಬೇಕು.' ಈಗ ಒಬ್ಬ ವ್ಯಕ್ತಿ, ಒಂದು ಕೆಲಸ, ಒಂದು ಗಡುವು ಕಣ್ಣಿಗೆ ಬಿದ್ದವು.

ಎರಡನೆಯದು ಎದುರಾಳಿಯನ್ನು 200 ಪದ ಮೀರದಂತೆ ಚಿತ್ರಿಸುವುದು. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. 'ಅಣೆಕಟ್ಟೇ ಎದುರಾಳಿ', 'ವ್ಯವಸ್ಥೆಯೇ ಎದುರಾಳಿ' ಎಂದು ಬರೆದುಕೊಂಡು ಹೋಗುತ್ತಾರೆ. ಅಣೆಕಟ್ಟು ಮಳೆಗಾಲವಿದ್ದ ಹಾಗೆ, ಅದರ ಜತೆ ಜಗಳವಾಡಲು ಬರುವುದಿಲ್ಲ. ಎದುರಾಳಿಗೆ ಮುಖ ಬೇಕು, ಅವನದೇ ನ್ಯಾಯವೂ ಬೇಕು. ನಮ್ಮ ಕಥೆಯಲ್ಲಿ ಅದು ಅವಳ ಅಣ್ಣ. ಅಡಿಕೆ ಮಂಡಿಯ ಸಾಲ ಅವನ ಕುತ್ತಿಗೆಗೆ ಬಂದಿದೆ, ಪರಿಹಾರದ ಹಣ ಗೇಣಿದಾರರಿಗೂ ಹಂಚಿಹೋದರೆ ಅವನ ಸಂಸಾರ ಬೀದಿಪಾಲು. ಅವನು ಕೆಟ್ಟವನಲ್ಲ, ಮತ್ತು ಕಥೆ ಗಟ್ಟಿಯಾಗುವುದೇ ಅದರಿಂದ.

ಮೂರನೆಯದು ಶೀರ್ಷಿಕೆ. ನೀರು, ನೆರಳು, ನೆನಪು ಸೇರಿಸಿ ಕಟ್ಟಿದ ಹೆಸರುಗಳಿಗೆ ಅಲ್ಲಿ ಗಿರಾಕಿ ಇಲ್ಲ. 'ಲೆಕ್ಕದಲ್ಲಿಲ್ಲದವರು' ಎಂಬರ್ಥದ ಹೆಸರು ಕಥೆಯ ಸಂಕಟವನ್ನೂ ಹೇಳುತ್ತದೆ. ನಾಲ್ಕನೆಯದು ಹೋಲಿಕೆಗೆ ಎರಡು ಪುಸ್ತಕ. ಈ ಧಂದೆಯವರು ಇವನ್ನು 'ಕಾಂಪ್' ಎನ್ನುತ್ತಾರೆ. ಕಳೆದ ಮೂರರಿಂದ ಐದು ವರ್ಷದೊಳಗೆ ಬಂದವು, ನಿಮ್ಮದೇ ಪ್ರಕಾರದವು, ತಕ್ಕಮಟ್ಟಿಗೆ ಮಾರಾಟವಾದವು ಆಗಿರಬೇಕು. ನೊಬೆಲ್ ಪಡೆದವರ ಹೆಸರು ಹೇಳಿದರೆ ಜಂಬವೆನ್ನುತ್ತಾರೆ, ಮೂವತ್ತು ವರ್ಷ ಹಳೆಯದನ್ನು ಹೇಳಿದರೆ ಇವರು ಈಚಿನದೇನೂ ಓದಿಲ್ಲ ಎಂದುಕೊಳ್ಳುತ್ತಾರೆ. ಎಡಿಟರ್ ಈ ಎರಡು ಹೆಸರು ಕೇಳುವುದು ಸಾಹಿತ್ಯ ಚರ್ಚೆಗಲ್ಲ. ನಾಳೆ ಅವರು ತಮ್ಮ ಮಾರಾಟ ವಿಭಾಗದ ಮುಂದೆ 'ಅದನ್ನು ಕೊಂಡವರು ಇದನ್ನೂ ಕೊಳ್ಳುತ್ತಾರೆ' ಎಂದು ವಾದಿಸಬೇಕಲ್ಲ, ಅದಕ್ಕೆ.

ಐದನೆಯದು ಇದೆಲ್ಲವನ್ನೂ ಸೇರಿಸಿದ ಒಂದು ಸಾಲಿನ ಸಾರ, ಲಾಗ್‌ಲೈನ್. ನಾಯಕಿಯ ಹಳೆಯ ಗಾಯವೂ ಈಗಿನ ಸಂಘರ್ಷವೂ ಅದರಲ್ಲಿ ಇಣುಕಬೇಕು. ಆರನೆಯದು ಒಳತೋಟಿ: ಅಣ್ಣನ ಮನೆಯಲ್ಲಿ ಅಣ್ಣನ ಅನ್ನ ಉಣ್ಣುತ್ತಿರುವವಳು ಅವನ ವಿರುದ್ಧ ಬಾಯಿ ತೆರೆಯುವುದು ಹೇಗೆ? ಅದರ ಜತೆಗೇ ಎರಡನೇ ಹಂತದ ಒಂದು ಘರ್ಷಣೆಯನ್ನೂ ಕೇಳುತ್ತಾರೆ. ಗೇಣಿದಾರರ ಮನೆಯ ಬಾಲ್ಯದ ಗೆಳತಿ ಇವಳು ಸಾಕ್ಷಿ ಹೇಳುತ್ತಾಳೆಂದು ಕಾಯುತ್ತಿದ್ದರೆ ಅದು ತಾನಾಗಿ ಒದಗುತ್ತದೆ. ಕೊನೆಯದು ಕಥೆ ನಡೆಯುವ ಸ್ಥಳ. 'ಹಸಿರು ಹೊದ್ದ ಮಲೆನಾಡು' ಎಂದು ಬರೆದವರಿಗೆ ಇಲ್ಲಿ ಅಂಕವಿಲ್ಲ. ಮುಳುಗುವ ಮನೆಯ ಬಾಗಿಲು, ಕಂಬ, ಹೆಂಚುಗಳನ್ನು ಬಿಚ್ಚಿ ಗಾಡಿಗೇರಿಸುತ್ತಿದ್ದಾರೆ. ವಾರ ಕಳೆದಂತೆ ಒಂದೊಂದು ಅಂಕಣದ ಮಾಡು ಹೋಗುತ್ತಿದೆ. ಅಣ್ಣ ತಂಗಿಯರ ಜಗಳ ಕೊನೆಗೆ ಸೂರೇ ಇಲ್ಲದ ಜಗಲಿಯಲ್ಲಿ ನಡೆಯುತ್ತದೆ. ಹೀಗಾದಾಗ ಸ್ಥಳವೇ ಗಡಿಯಾರ.

ಈ ಏಳನ್ನೂ ಪ್ರಾಮಾಣಿಕವಾಗಿ ಮಾಡಿದರೆ ಕರಡಿನ ತೂತುಗಳೆಲ್ಲ ಬಯಲಾಗುತ್ತವೆ. ಐದನೆಯದಕ್ಕೆ ಉತ್ತರ ಹೊಳೆಯುತ್ತಿಲ್ಲ ಎಂದರೆ ತೊಂದರೆ ಲಾಗ್‌ಲೈನಿನಲ್ಲಿಲ್ಲ, ಕಾದಂಬರಿಯ ಮಧ್ಯಭಾಗದಲ್ಲಿದೆ.

ಇನ್ನು ಆ ನಾಲ್ಕು ದಿನ. ಗುಂಪಿನಲ್ಲಿ ಹದಿನೈದು ಜನ, ದಿನಕ್ಕೆ ಆರು ಗಂಟೆ ಎಂದಿಟ್ಟುಕೊಂಡರೂ ತಲೆಗೆ ದಿನಕ್ಕೆ ಬರುವುದು 24 ನಿಮಿಷ. ಪಿಚ್ ತಿದ್ದಲು ಅಷ್ಟು ಸಾಕು, ಹಸ್ತಪ್ರತಿ ತಿದ್ದಲು ಅಲ್ಲ. ನಿಮ್ಮ 90,000 ಪದಗಳನ್ನು ಅಲ್ಲಿ ಯಾರೂ ಓದಿರುವುದಿಲ್ಲ, ಓದುವುದೂ ಇಲ್ಲ. ಭಾಷೆ ನಯಗೊಳಿಸಿಕೊಳ್ಳಲು ಹೋಗುವವರು ನಿರಾಶರಾಗುತ್ತಾರೆ.

ಪಿಚ್ 150ರಿಂದ 200 ಪದಗಳೊಳಗಿರಲಿ. ಜೋರಾಗಿ ಓದಿ ನೋಡಿ, ಒಂದೂವರೆ ನಿಮಿಷ ದಾಟಿದರೆ ಕತ್ತರಿಸಿ. ಎರಡಕ್ಕಿಂತ ಹೆಚ್ಚು ಪಾತ್ರಗಳ ಹೆಸರು ಬೇಡ. ನಮ್ಮ ಹೆಸರುಗಳಂತೂ ಅಲ್ಲಿನ ಕಿವಿಗೆ ಹೊಸವು, ಮೂರನೆಯದಕ್ಕೇ ಕೇಳುವವರು ದಾರಿ ತಪ್ಪುತ್ತಾರೆ. 'ನಿಮ್ಮ ಊರೇ ಮುಳುಗಿದರೆ ನೀವೇನು ಮಾಡುತ್ತೀರಿ?' ಎಂದು ಪ್ರಶ್ನೆಯಿಂದ ಶುರು ಮಾಡಬೇಡಿ. ಪ್ರಕಾರ ಮತ್ತು ಪದಸಂಖ್ಯೆ ಮೊದಲ ವಾಕ್ಯದಲ್ಲೇ ಬರಲಿ. ಚೊಚ್ಚಲ ಕಾದಂಬರಿಗೆ 80,000ದಿಂದ 1,00,000 ಪದ ಸುರಕ್ಷಿತ ಅಳತೆ. 1,80,000 ಎಂದ ಕೂಡಲೇ ಎದುರಿನವರು ಮನಸ್ಸಿನಲ್ಲೇ ಕಾಗದದ ಖರ್ಚು ಲೆಕ್ಕ ಹಾಕುತ್ತಾರೆ. ಪಿಚ್ ಆದ ಮೇಲೆ ಬರುವ ಪ್ರಶ್ನೆಗಳೇ ನಿಜವಾದ ಪರೀಕ್ಷೆ: ಕೊನೆಗೆ ಏನಾಗುತ್ತದೆ, ಯಾರ ದೃಷ್ಟಿಯಿಂದ ಹೇಳಿದ್ದೀರಿ, ಬರೆದು ಮುಗಿದಿದೆಯೇ? ಕೊನೆಯ ಪ್ರಶ್ನೆಗೆ 'ಇನ್ನೂ ಇಲ್ಲ' ಎನ್ನುವವರು ಟಿಕೆಟ್ ಬುಕ್ ಮಾಡಲೇಬಾರದಿತ್ತು.

ಎಡಿಟರ್ 'ಕಳಿಸಿ' ಎಂದರೆಂದು ಹಿಗ್ಗುವುದು ಸಹಜ. ಆದರೆ ಅದು ಓದುವ ಭರವಸೆ, ಕೊಳ್ಳುವ ಭರವಸೆಯಲ್ಲ. ಹತ್ತು ಜನರ ಮುಂದೆ ಮುಖಕ್ಕೆ ಮುಖ ಕೊಟ್ಟು 'ಬೇಡ' ಎನ್ನುವುದಕ್ಕಿಂತ 'ಐವತ್ತು ಪುಟ ಕಳಿಸಿ' ಎನ್ನುವುದು ಸುಲಭ, ಅದು ನೆನಪಿರಲಿ. ಅತಿ ದೊಡ್ಡ ತಪ್ಪು ನಡೆಯುವುದು ಇದರ ಮರುವಾರ. ಕಮ್ಮಟದಲ್ಲಿ ಪಿಚ್ ಬದಲಾಗಿದೆ: ಅಣ್ಣ ಎದುರಾಳಿಯಾಗಿದ್ದಾನೆ, ಗಡುವು ಬಂದಿದೆ. ಹಸ್ತಪ್ರತಿಯಲ್ಲಿ ಮಾತ್ರ ಹಳೆಯ ಕಥೆಯೇ ಇದೆ. ಹುಮ್ಮಸ್ಸಿನಲ್ಲಿ ಅದನ್ನೇ ಕಳಿಸುತ್ತಾರೆ, ಕೇಳಿದ ಪುಸ್ತಕ ಬೇರೆ ಬಂದ ಪುಸ್ತಕ ಬೇರೆ ಎಂದು ಎಡಿಟರ್ ಮೂರನೇ ಪುಟಕ್ಕೇ ಮುಚ್ಚಿಡುತ್ತಾರೆ. ಮೂರು ತಿಂಗಳಾದರೂ ಪರವಾಗಿಲ್ಲ, 'ತಿದ್ದಿ ಕಳಿಸುತ್ತೇನೆ' ಎಂದು ಎರಡು ಸಾಲು ಬರೆದು ತಿಳಿಸಿ, ಪಿಚ್‌ಗೆ ತಕ್ಕ ಹಾಗೆ ಕಾದಂಬರಿಯನ್ನು ಹೊಸದಾಗಿ ಹೆಣೆದು ಕಳಿಸಿ. ಎರಡನೇ ಅವಕಾಶ ಸಿಗುವುದು ಅಪರೂಪ. ಕಳಿಸುವಾಗ ಇಮೇಲ್ ವಿಷಯದ ಸಾಲಿನಲ್ಲಿ ಇದು ಕೇಳಿ ತರಿಸಿಕೊಂಡದ್ದು ಎಂದು ನಮೂದಿಸಿ, ಕಮ್ಮಟದ ಹೆಸರನ್ನೂ ಹಾಕಿ. ಪುಟಗಳು ಡಬಲ್ ಸ್ಪೇಸಿನಲ್ಲಿ, 12 ಪಾಯಿಂಟ್ ಅಕ್ಷರದಲ್ಲಿರಲಿ. ಇಡೀ ಕಥೆಯ ಸಾರಾಂಶವಾದ ಸಿನಾಪ್ಸಿಸ್‌ನಲ್ಲಿ ಅಂತ್ಯವನ್ನು ಮುಚ್ಚಿಡಬೇಡಿ, ಅದು ಬೆನ್ನುಡಿಯಲ್ಲ.

ಹಸ್ತಪ್ರತಿಯನ್ನೇ ಮಾಗಿಸಬೇಕೆಂದರೆ ಲಂಡನ್ ಕಡೆ ನೋಡುವುದು ವಾಸಿ. ಫೇಬರ್ ಪ್ರಕಾಶನದವರು 2008ರಲ್ಲಿ ಆರಂಭಿಸಿದ ಫೇಬರ್ ಅಕಾಡೆಮಿಯಲ್ಲಿ ಆರು ತಿಂಗಳ ಕಾದಂಬರಿ ಕೋರ್ಸ್ ಇದೆ. ಅದರ ಕೊನೆಗೆ ವಿದ್ಯಾರ್ಥಿಗಳ ಬರಹಗಳ ಸಂಕಲನ ತಂದು, ಏಜೆಂಟರನ್ನು ಕರೆದು ಓದಿಸುತ್ತಾರೆ. ಕರ್ಟಿಸ್ ಬ್ರೌನ್ ಎಂಬ ಏಜೆನ್ಸಿ 2011ರಲ್ಲಿ ತನ್ನದೇ ಶಾಲೆ ತೆರೆಯಿತು. ಅಲ್ಲಿನ ಮುಖ್ಯ ಕೋರ್ಸುಗಳಿಗೆ ದುಡ್ಡಿದ್ದರೆ ಸಾಲದು, ಬರಹದ ಮಾದರಿ ಕಳಿಸಿ ಆಯ್ಕೆಯಾಗಬೇಕು. ದೂರ ಒಂದು ಅಡ್ಡಿಯೇ ಎನ್ನುವವರಿಗೆ ಒಂದು ಉದಾಹರಣೆ: ಆಸ್ಟ್ರೇಲಿಯಾದಲ್ಲಿದ್ದ ಜೇನ್ ಹಾರ್ಪರ್ 'ದ ಡ್ರೈ' ಕಾದಂಬರಿಯ ಕರಡನ್ನು ಬರೆದದ್ದು ಇದೇ ಶಾಲೆಯ 12 ವಾರದ ಆನ್‌ಲೈನ್ ಕೋರ್ಸಿನಲ್ಲಿ, 2014ರಲ್ಲಿ. ಆದರೂ ನೇರ ವಿಡಿಯೊ ತರಗತಿ ಇರುವ ಕೋರ್ಸಾದರೆ ಗಡಿಯಾರ ನೋಡಿ ಸೇರಿ. ಲಂಡನ್ನಿನ ಸಂಜೆ ಏಳು ಎಂದರೆ ಅಲ್ಲಿನ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಹನ್ನೊಂದೂವರೆ, ಅಲ್ಲಿನ ಚಳಿಗಾಲದಲ್ಲಿ ಹನ್ನೆರಡೂವರೆ. ಬೆಳಗ್ಗೆ ಎಂಟಕ್ಕೆ ಸಿಲ್ಕ್ ಬೋರ್ಡ್ ದಾಟಬೇಕಾದವರಿಗೆ ಆರು ತಿಂಗಳು ಇದು ಆಗುವ ಹೋಗುವ ಮಾತಲ್ಲ.

ನ್ಯೂಯಾರ್ಕಿನ ಸೂತ್ರಕ್ಕೆ ಒಂದು ಮಿತಿಯಿದೆ. ಒಬ್ಬರ ಆಸೆ, ಒಬ್ಬರ ಅಡ್ಡಿ, ಒಂದು ಗಡುವು ಎಂಬ ಅಚ್ಚಿಗೆ ಥ್ರಿಲ್ಲರ್, ಚಾರಿತ್ರಿಕ ಕಾದಂಬರಿ, ಫ್ಯಾಂಟಸಿ ಸಲೀಸಾಗಿ ಇಳಿಯುತ್ತವೆ. ಇಡೀ ಊರೇ ನಾಯಕನಾಗಿರುವ, ಹರಟುತ್ತ ಕವಲೊಡೆಯುತ್ತ ಸಾಗುವ ಕಾದಂಬರಿಯನ್ನು ಇದಕ್ಕೆ ತುರುಕಿದರೆ ಅದರ ಜೀವವೇ ಹೋಗಬಹುದು. ಅಂಥದ್ದನ್ನು ಬರೆದವರು ಹೋಂವರ್ಕು ಮಾಡಿ ನೋಡಲಿ, ವಿಮಾನ ಹತ್ತುವುದು ಬೇಡ.

ಕನ್ನಡದಲ್ಲೇ ಬರೆಯುವವರಿಗೆ ಪಿಚ್‌ನ ಅಗತ್ಯ ಕಡಿಮೆ. ಇಲ್ಲಿ ನಡುವೆ ಏಜೆಂಟ್ ಇಲ್ಲ, ಪ್ರಕಾಶಕರಿಗೇ ಹಸ್ತಪ್ರತಿ ಕಳಿಸಬಹುದು. ಇಂಗ್ಲಿಷ್ ಅನುವಾದದ ಮೂಲಕ ಹೊರಗೆ ಹೋಗಬೇಕೆಂದಾಗ ವಿಷಯ ಬೇರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಈ ದಾರಿ ಕೇಳುವವರು ಹೆಚ್ಚಿದ್ದಾರೆ. ಅಲ್ಲಿ ಎರಡು ನಿಮಿಷದ ಮಾತಿಗಿಂತ ಕೈಯಲ್ಲಿರುವ ಕಾಗದ ಮುಖ್ಯ: ಮೂವತ್ತು ನಲವತ್ತು ಪುಟದ ಮಾದರಿ ಅನುವಾದ, ಅಂತ್ಯ ಸಹಿತದ ಸಿನಾಪ್ಸಿಸ್, ಅನುವಾದದ ಹಕ್ಕು ಯಾರದೆಂದು ತೋರಿಸುವ ಪತ್ರ, ಕನ್ನಡದಲ್ಲಿ ಎಷ್ಟು ಮುದ್ರಣ ಕಂಡಿದೆ ಎಂಬ ಒಂದು ಸಾಲು. ಹಕ್ಕಿನ ಪತ್ರವಿಲ್ಲದೆ ಇನ್ನೂರು ಪುಟ ಅನುವಾದಿಸಿ ಕೂತವರು ಕಡಿಮೆಯೇನಿಲ್ಲ.

ದುಡ್ಡು ಕಟ್ಟುವ ಮುಂಚೆ ಯಾವುದೇ ಕಮ್ಮಟದವರಿಗೆ ಇಷ್ಟು ಕೇಳಿ. ಗುಂಪಿನಲ್ಲಿ ಎಷ್ಟು ಜನ? ಬರುವ ಎಡಿಟರ್‌ಗಳ ಹೆಸರು ಮೊದಲೇ ಕೊಡುತ್ತಾರೆಯೇ, ಅವರು ನಿಮ್ಮ ಪ್ರಕಾರದ ಪುಸ್ತಕ ಕೊಳ್ಳುವವರೇ? ವೀಸಾ ಸಿಗದಿದ್ದರೆ ಹಣ ವಾಪಸೋ, ಮುಂದಿನ ಸಲಕ್ಕೆ ಜಮೆಯೋ? ನಿಜವಾದ ಏಜೆಂಟ್ ಓದಲು ದುಡ್ಡು ಕೇಳುವುದಿಲ್ಲ. ಪುಸ್ತಕ ಮಾರಿದ ಮೇಲೆ ದೇಶದೊಳಗಿನ ಮಾರಾಟಕ್ಕೆ ಸಾಮಾನ್ಯವಾಗಿ ಶೇ. 15, ಹೊರದೇಶದ್ದಕ್ಕೆ ಶೇ. 20 ಕಮಿಷನ್ ಹಿಡಿಯುತ್ತಾರೆ, ಅಷ್ಟೇ. ಕಮ್ಮಟ ಮುಗಿದ ಮೇಲೆ 'ನಾವೇ ಪ್ರಕಟಿಸುತ್ತೇವೆ, ಇಷ್ಟು ಕಟ್ಟಿ' ಎಂಬ ಇಮೇಲ್ ಬಂದರೆ ಉತ್ತರ ಬರೆಯುವ ಅಗತ್ಯವೂ ಇಲ್ಲ.