ಉಪ್ಪುನೀರಿನ ಅಕ್ವೇರಿಯಂಗೆ ಹೀಟರ್ ಕೊಳ್ಳುವ ಮುನ್ನ ಇದನ್ನು ಓದಿ

ಕಳೆದ ಜನವರಿಯ ಒಂದು ಭಾನುವಾರ, ಶಿರಸಿಯಲ್ಲಿ ನೆಂಟರ ಮದುವೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿಳಿದು ಮನೆ ಸೇರಿದಾಗ, ಅಮ್ಮ ಆ ಚಳಿಯಲ್ಲೂ ಕಿಟಕಿಗಳನ್ನೆಲ್ಲ ತೆರೆದಿಟ್ಟುಕೊಂಡು ಕುಳಿತಿದ್ದರು. ಮನೆಯ ಹಾಲ್ ತುಂಬ ಮೀನುಪೇಟೆಯ ವಾಸನೆ. ಮೂಲೆಯಲ್ಲಿದ್ದ ಸಮುದ್ರ ಮೀನಿನ ತೊಟ್ಟಿಯ ಮುಚ್ಚಳದ ಒಳಮೈಯಲ್ಲಿ ಅನ್ನದ ಪಾತ್ರೆಯ ಮುಚ್ಚಳದಲ್ಲಿರುವಂತೆ ನೀರು ಹನಿಗಟ್ಟಿತ್ತು, ಥರ್ಮಾಮೀಟರ್ 34.2 ಡಿಗ್ರಿ ತೋರಿಸುತ್ತಿತ್ತು. ಅದು ಇರಬೇಕಾದದ್ದು 26. ಎರಡು ಕ್ಲೌನ್ ಮೀನುಗಳಲ್ಲಿ ಒಂದು ನೀರು ಕೆಳಗಿಳಿಯುವ ಕಿಂಡಿಯ ಬಳಿ ಮೇಲ್ಮೈಗೆ ಬಾಯಿ ತಾಗಿಸಿಕೊಂಡು ಏದುಸಿರು ಬಿಡುತ್ತಿತ್ತು, ಇನ್ನೊಂದು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಗಾಜಿನಂತೆ ಪಾರದರ್ಶಕವಾಗಿದ್ದ ಕ್ಲೀನರ್ ಸೀಗಡಿಯ ಮೈ ಬೇಯಿಸಿದಂತೆ ಬೆಳ್ಳಗಾಗಿತ್ತು. ಹತ್ತಾರು ಬಸವನಹುಳುಗಳು ಗಾಜಿನ ಹಿಡಿತ ಬಿಟ್ಟು ಕೆಳಗೆ ಉದುರಿದ್ದವು. ಇದಾದ ಅರ್ಧ ಗಂಟೆಯೊಳಗೆ ನಾನೇ ಕರೆಂಟು ಹೊಡೆಸಿಕೊಂಡು ನೆಲದ ಮೇಲೆ ಬಿದ್ದಿದ್ದೆ. ಎರಡಕ್ಕೂ ಕಾರಣ ಒಂದೇ ಹೀಟರ್, ಮತ್ತು ಅದನ್ನು ಆಯ್ಕೆ ಮಾಡಿದ, ಇರಿಸಿದ, ಬಳಸಿದ ನನ್ನ ರೀತಿ. ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಇದೇ ತಪ್ಪನ್ನು ಈ ಚಳಿಗಾಲದಲ್ಲಿ ಇನ್ನಾರೂ ಮಾಡದಿರಲಿ ಎಂದು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಹೀಟರ್ ಯಾಕೆ ಎಂದು ಕೇಳುವವರಿದ್ದಾರೆ. ಮಂಗಳೂರಿನವರು ಹಾಗೆ ಕೇಳಿದರೆ ಒಪ್ಪಬಹುದು. ಇಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗಿನ ಉಷ್ಣತೆ 15ರ ಆಸುಪಾಸಿಗೆ ಇಳಿಯುತ್ತದೆ, ನಮ್ಮ ಹಾಲಿನೊಳಗೆ ಬೆಳಗಿನ ಜಾವ 20ರಿಂದ 21 ಇರುತ್ತದೆ. ಹವಳದ ದಿಬ್ಬಗಳ ಮೀನುಗಳಿಗೆ 25ರಿಂದ 27 ಡಿಗ್ರಿ ಹಿತ, ಅದಕ್ಕಿಂತಲೂ ಮುಖ್ಯವಾಗಿ ದಿನದಿಂದ ದಿನಕ್ಕೆ ಏರಿಳಿತ ಕಡಿಮೆ ಇರಬೇಕು. ನನ್ನಲ್ಲಿ ಹವಳವಿಲ್ಲ. 2001ರಿಂದ ನಮ್ಮ ದಿಬ್ಬಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಆದ್ದರಿಂದ ಅಂಗಡಿಯವರು ಗುಟ್ಟಾಗಿ ತೋರಿಸಿದರೂ ನಾನು ಆ ಕಡೆ ಹೋಗಿಲ್ಲ. ಮೀನು, ಸೀಗಡಿ, ಬಸವನಹುಳುಗಳಷ್ಟೇ ನನ್ನ ಸಂಸಾರ.

ತೊಟ್ಟಿ 180 ಲೀಟರಿನದು, ಅದರ ಕೆಳಗಿನ ಕಪಾಟಿನಲ್ಲಿ 60 ಲೀಟರಿನ ಸಂಪ್. ಬೆಂಗಳೂರಿನಲ್ಲಿ ಸಂಪ್ ಎಂದರೆ ಮನೆಮುಂದೆ ನೆಲದಡಿಯಲ್ಲಿರುವ ನೀರಿನ ತೊಟ್ಟಿಯೇ ನೆನಪಾಗುವುದರಿಂದ ಒಂದು ಮಾತು ಹೇಳಿಬಿಡುತ್ತೇನೆ: ಇಲ್ಲಿ ಅದು ಮೇಲಿನ ತೊಟ್ಟಿಯಿಂದ ನೀರು ಇಳಿದು, ಸೋಸಿ, ಪಂಪಿನ ಮೂಲಕ ಮತ್ತೆ ಮೇಲೇರುವ ಗಾಜಿನ ಪೆಟ್ಟಿಗೆ. ಎಲ್ಲ ಸೇರಿ 240 ಲೀಟರ್ ನೀರಿಗೆ 200 ವ್ಯಾಟಿನ ಹೀಟರ್ ಕೇಳಿದ್ದೆ. ಅಂಗಡಿಯವರು, “ದೊಡ್ಡದೇ ತಗೊಳ್ಳಿ ಸಾರ್, ಬೇಗ ಕಾಯುತ್ತೆ, ಕಮ್ಮಿ ಹೊತ್ತು ಉರಿಯುತ್ತೆ, ಬಾಳಿಕೆ ಬರುತ್ತೆ” ಎಂದು 300 ವ್ಯಾಟಿನ ಗಾಜಿನ ಹೀಟರನ್ನು ಕೈಗಿತ್ತರು. ಆ ಮಾತು ಸುಳ್ಳಲ್ಲ. ಆದರೆ ಹೀಟರ್ ಸರಿಯಾಗಿರುವವರೆಗೆ ಮಾತ್ರ ನಿಜ. ಅದು ಕೆಟ್ಟಾಗ ಏನಾಗುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಾಜಿನ ಹೀಟರಿನ ತಲೆಯೊಳಗೆ ಎರಡು ಬೇರೆ ಲೋಹಗಳನ್ನು ಬೆಸೆದ ಒಂದು ತೆಳು ಪಟ್ಟಿ ಇರುತ್ತದೆ. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಪ್ರತಿ ಸಲ ಕಡಿಯುವಾಗಲೂ ಅಲ್ಲಿ ಒಂದು ಸಣ್ಣ ಕಿಡಿ ಹಾರುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಆ ಮೊನೆಗಳು ಸುಟ್ಟು ಒರಟಾಗಿ, ಒಂದು ದಿನ ಒಂದಕ್ಕೊಂದು ಅಂಟಿಕೊಂಡೇ ಉಳಿಯುತ್ತವೆ. ಆಮೇಲೆ ಹೀಟರ್ ಆರುವುದಿಲ್ಲ. ಒಡೆದುಹೋದ ನನ್ನ ಹೀಟರನ್ನು ನಂತರ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಸಾಸಿವೆ ಕಾಳಿನಷ್ಟೂ ಇಲ್ಲದ ಎರಡು ಮೊನೆಗಳು ಕರ್ರಗೆ ಕರಗಿ ಬೆಸೆದುಕೊಂಡಿದ್ದವು, ಉಗುರಿನಿಂದ ಮೀಟಿದರೂ ಬಿಡಲಿಲ್ಲ.

ಹೀಗೆ ಅಂಟಿಕೊಂಡದ್ದು ಬಹುಶಃ ಶುಕ್ರವಾರ ರಾತ್ರಿ. ಇಷ್ಟು ನೀರನ್ನು 300 ವ್ಯಾಟ್ ಗಂಟೆಗೆ ಸುಮಾರು ಒಂದು ಡಿಗ್ರಿ ಏರಿಸಬಲ್ಲುದು, ನೀರು ಬಿಸಿಯಾದಷ್ಟೂ ಸುತ್ತಲಿನ ಗಾಳಿಗೆ ಕಳೆದುಕೊಳ್ಳುವ ಶಾಖ ಹೆಚ್ಚುವುದರಿಂದ ಆ ವೇಗ ಕ್ರಮೇಣ ಕುಗ್ಗುತ್ತದೆ. ಶನಿವಾರ ಸಂಜೆ ಅಮ್ಮ ಫೋನಿನಲ್ಲಿ ಮದುವೆಯ ಊಟದ ವಿಚಾರವೆಲ್ಲ ಕೇಳಿದ ಮೇಲೆ, “ಒರೆಸೋವಾಗ ನಿನ್ನ ಮೀನಿನ ಗಾಜು ಮುಟ್ಟಿದೆ ಕಣೋ, ಬೆಚ್ಚಗಿದೆ, ಅದು ಹಾಗೇ ಇರೋದಾ?” ಎಂದು ಕೇಳಿದ್ದರು. “ಹೀಟರ್ ಇದೆಯಲ್ಲಮ್ಮ, ಬೆಚ್ಚಗೇ ಇರುತ್ತೆ” ಎಂದುಬಿಟ್ಟೆ. ನಮ್ಮ ಅಂಗೈಯೇ 32, 33 ಡಿಗ್ರಿ ಇರುತ್ತದೆ, ಆದ್ದರಿಂದ 26 ಡಿಗ್ರಿಯ ನೀರು ತುಂಬಿದ ಗಾಜು ಕೈಗೆ ಎಂದೂ ಬೆಚ್ಚಗೆ ತಾಗುವುದಿಲ್ಲ, ತುಸು ತಣ್ಣಗೇ ತಾಗುತ್ತದೆ. ಬೆಚ್ಚಗಿದೆ ಎನ್ನಿಸಿತೆಂದರೆ ಆಗಲೇ ಅಪಾಯ ದಾಟಿದೆ ಎಂದರ್ಥ. ಆ ಕ್ಷಣದಲ್ಲಿ ಸ್ವಿಚ್ ಆರಿಸಲು ಹೇಳಿದ್ದರೆ ಮುಕ್ಕಾಲು ಪಾಲು ಜೀವಗಳು ಉಳಿಯುತ್ತಿದ್ದವು.

ಬಿಸಿ ಒಂದೇ ಕೊಲ್ಲುವುದಿಲ್ಲ. 26 ಡಿಗ್ರಿಯ ಸಮುದ್ರದ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 6.6 ಮಿಲಿಗ್ರಾಂನಷ್ಟು ಆಮ್ಲಜನಕ ಕರಗಿರಬಲ್ಲುದು, 34ರಲ್ಲಿ ಅದು 5.8ರ ಸುತ್ತಮುತ್ತಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿ ಏರಿದ ಮೀನಿನ ಮೈಗೆ ಹೆಚ್ಚು ಉಸಿರು ಬೇಕಾಗುತ್ತದೆ, ಸತ್ತ ಹುಳುಗಳನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳೂ ಅದೇ ಆಮ್ಲಜನಕಕ್ಕೆ ಬಾಯಿ ಹಾಕುತ್ತವೆ. ಸಾಲದ್ದಕ್ಕೆ ಎರಡು ದಿನದಲ್ಲಿ ಹದಿನೈದು ಲೀಟರಿನಷ್ಟು ನೀರು ಆವಿಯಾಗಿ, ಉಪ್ಪು ಹಾಗೇ ಉಳಿದು, ಸಿಹಿನೀರಿಗೆ ಹೋಲಿಸಿದರೆ 1.025 ಇದ್ದ ಸಾಂದ್ರತೆ 1.027ರ ಹತ್ತಿರಕ್ಕೆ ಏರಿತ್ತು.

ಆ ಆವಿಯಾದ ನೀರೇ ನನ್ನ ಪಾಲಿನ ಅಪಾಯವನ್ನೂ ಸಿದ್ಧಪಡಿಸಿಟ್ಟಿತ್ತು. ಸಂಪ್ ಇರುವ ತೊಟ್ಟಿಯಲ್ಲಿ ನೀರು ಎಷ್ಟೇ ಆವಿಯಾದರೂ ಮೇಲಿನ ತೊಟ್ಟಿಯ ಮಟ್ಟ ಇಳಿಯುವುದಿಲ್ಲ. ಇಳಿಯುವುದೆಲ್ಲ ಸಂಪಿನಲ್ಲಿ ಪಂಪ್ ಇರುವ ಕೊನೆಯ ಕೋಣೆಯಲ್ಲಿ. ಜಾಗ ಚೆನ್ನಾಗಿದೆ ಎಂದು ನಾನು ಹೀಟರನ್ನು ನೆಟ್ಟಗೆ ನಿಲ್ಲಿಸಿದ್ದು ಅದೇ ಕೋಣೆಯಲ್ಲಿ. ಭಾನುವಾರ ಬೆಳಿಗ್ಗೆ ಅದರ ಮೇಲಿನ ಮೂರನೇ ಒಂದು ಪಾಲು ನೀರಿನಿಂದ ಹೊರಗಿತ್ತು, ಕಿತ್ತಳೆ ಬಣ್ಣದ ದೀಪ ಉರಿಯುತ್ತಲೇ ಇತ್ತು. ಗಾಬರಿಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಒಂದು ಪ್ಲಗ್ ಕಿತ್ತೆ. ಕಿತ್ತದ್ದು ಪಂಪಿನದು. ಎರಡೂ ಕಪ್ಪು ವೈರು, ಎರಡಕ್ಕೂ ಉಪ್ಪಿನ ಬಿಳಿ ಪುಡಿ ಮೆತ್ತಿಕೊಂಡು ಗುರುತೇ ಸಿಗುತ್ತಿರಲಿಲ್ಲ. ಕಿತ್ತಾಯಿತಲ್ಲ ಎಂದುಕೊಂಡು, ನೀರು ತಣಿಯಲಿ, ಮಟ್ಟವೂ ಏರಲಿ ಎಂದು ಪಕ್ಕದ ಕ್ಯಾನಿನಲ್ಲಿದ್ದ ತಣ್ಣನೆಯ ಆರ್‌ಓ ನೀರನ್ನು ಸೀದಾ ಆ ಕೋಣೆಗೇ ಸುರಿದೆ. ಒಲೆಯ ಮೇಲಿನ ಗಾಜಿನ ಪಾತ್ರೆಗೆ ತಣ್ಣೀರು ಎರಚಿದಂತೆ, ‘ಟಕ್’ ಎಂಬ ಒಂದು ಸಣ್ಣ ಸದ್ದು. ಏನೋ ಬಿತ್ತೆಂದು ತಿಳಿದು ಬರಿಗಾಲಲ್ಲಿ, ಒದ್ದೆ ಮೊಸಾಯಿಕ್ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕೈ ಅದ್ದಿದೆ. ಮೊಣಕೈಯವರೆಗೆ ಯಾರೋ ಕೊಡಲಿಯ ಕಾವಿನಿಂದ ಬಡಿದಂತಾಯಿತು. ಸೆಳೆತಕ್ಕೆ ತೋಳು ತಾನಾಗಿ ಹಿಂದಕ್ಕೆ ಚಿಮ್ಮಿದ್ದರಿಂದ ಬದುಕಿದೆ. ಬೆರಳುಗಳು ಏನನ್ನಾದರೂ ಹಿಡಿದಿದ್ದರೆ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಬಕೆಟ್ಟಿನಲ್ಲಿ ಕಾಯಿಲ್ ಇಟ್ಟು ನೀರು ಕಾಯಿಸುವ ಮನೆಗಳಲ್ಲಿ, ಸ್ವಿಚ್ ಆರಿಸದೆ ನೀರು ಮುಟ್ಟಬೇಡ ಎಂದು ಮಕ್ಕಳಿಗೆ ಬುದ್ಧಿ ಬಂದಾಗಿನಿಂದ ಹೇಳುತ್ತಾರೆ. ಅಕ್ವೇರಿಯಂ ಹೀಟರ್ ಅದೇ ಕಾಯಿಲಿನ ತಮ್ಮ, ನಡುವೆ ಒಂದು ಪದರ ಗಾಜಿದೆ ಅಷ್ಟೆ. ನಲ್ಲಿಯ ನೀರಿಗಿಂತ ಸಮುದ್ರದ ನೀರು ಹಲವು ಹತ್ತು ಪಟ್ಟು ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಇಷ್ಟಾದರೂ ನಮ್ಮ ಮನೆಯ ಎಂಸಿಬಿ ಬೀಳಲಿಲ್ಲ. ಬೀಳುವುದೂ ಇಲ್ಲ: ಅದು ಹತ್ತು, ಹದಿನಾರು ಆಂಪಿಯರ್ ದಾಟಿದಾಗ ವೈರನ್ನು ಉಳಿಸಲು ಇರುವ ಸಾಧನ, ಮನುಷ್ಯನ ಎದೆಬಡಿತ ಕೆಡಿಸಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲೂ ಸಾಕು. ಜೀವ ಉಳಿಸುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿ ಬಂದ ಕರೆಂಟಿಗೂ ನಡುವೆ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡೊಡನೆ, ಕಣ್ಣೆವೆ ಇಕ್ಕುವುದರೊಳಗೆ, ಅದು ಸಂಪರ್ಕ ಕಡಿಯುತ್ತದೆ. ನಮ್ಮದು ಹಳೆಯ ಮನೆ, ಅದು ಇರಲೇ ಇಲ್ಲ. ಮಾರನೆಯ ದಿನವೇ ಹಾಕಿಸಿದೆ. ಅದಕ್ಕೆ ತಗುಲಿದ ಖರ್ಚು ತೊಟ್ಟಿಗೆ ಒಂದು ವರ್ಷದಲ್ಲಿ ನಾನು ಸುರಿದ ಉಪ್ಪಿನ ಬೆಲೆಗಿಂತ ಕಡಿಮೆ ಎಂದು ಲೆಕ್ಕ ಹಾಕಿ ನಾಚಿಕೆಪಟ್ಟೆ.

ಬದುಕಿ ಉಳಿದ ಒಂದು ಕ್ಲೌನ್ ಮೀನನ್ನು ಉಳಿಸಿಕೊಂಡ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ಮೇನ್ ಆರಿಸಿ, ಒಡೆದ ಹೀಟರ್ ತೆಗೆದು, ಮೊದಲು ಗಾಳಿಯ ಪಂಪ್ ಹಚ್ಚಿದೆ, ಏಕೆಂದರೆ ತಣಿಸುವುದಕ್ಕಿಂತ ಉಸಿರು ಮುಖ್ಯ. ಸಂಪಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿ ಏಳೆಂಟು ಗಂಟೆಗಳಲ್ಲಿ ನಿಧಾನವಾಗಿ 27ಕ್ಕೆ ಇಳಿಸಿದೆ. ಐಸ್ ಹಾಕಿದರೆ ಇನ್ನೊಂದು ಆಘಾತ. ಸತ್ತದ್ದನ್ನೆಲ್ಲ ಹೆಕ್ಕಿ ತೆಗೆದು ಕಾಲು ಭಾಗ ನೀರು ಬದಲಿಸಿದೆ. ಹೀಟರಿನ ಒಳಗಿನ ತಾಮ್ರ ನೀರಿಗೆ ಸೇರಿರುವ ಸಂಭವವಿತ್ತು, ಮೀನು ಅದನ್ನು ಅಷ್ಟಿಷ್ಟು ತಾಳಿಕೊಂಡರೂ ಸೀಗಡಿ, ಬಸವನಹುಳುಗಳು ತಾಳವು. ಆದ್ದರಿಂದ ಸಕ್ರಿಯ ಇದ್ದಿಲು ಹಾಕಿ, ಇನ್ನೆರಡು ಬಾರಿ ನೀರು ಬದಲಿಸಿದ ಮೇಲೆಯೇ ಹೊಸ ಹುಳುಗಳನ್ನು ತಂದೆ.

ಹೊಸ ಹೀಟರ್ ಕೊಳ್ಳುವ ಮೊದಲು ಈ ಸಲ ಅಂಗಡಿಯವರನ್ನು ಕೇಳಲಿಲ್ಲ, ತೊಟ್ಟಿಯನ್ನೇ ಕೇಳಿದೆ. ಎರವಲು ತಂದ ಹೀಟರನ್ನು ವಿದ್ಯುತ್ ಅಳೆಯುವ ಒಂದು ಪ್ಲಗ್ಗಿಗೆ ಸಿಕ್ಕಿಸಿ, ಕೋಣೆ 21 ಡಿಗ್ರಿ ಇದ್ದ ರಾತ್ರಿ ಹನ್ನೆರಡು ಗಂಟೆ ಬಿಟ್ಟೆ. ಓಡಿದ್ದು 1.1 ಯೂನಿಟ್. ಅಂದರೆ ಸರಾಸರಿ 92 ವ್ಯಾಟ್. ನನ್ನ ತೊಟ್ಟಿಯನ್ನು ಚಳಿಯ ರಾತ್ರಿಯಲ್ಲಿ 26ರಲ್ಲಿ ಇಡಲು ಬೇಕಾದದ್ದು ಇಷ್ಟೇ, ನಾನು ಹಾಕಿದ್ದು ಅದರ ಮೂರು ಪಟ್ಟಿಗಿಂತ ಹೆಚ್ಚು. ಲೀಟರಿಗೆ ಒಂದು ವ್ಯಾಟ್ ಎಂಬ ಬಾಯಿಮಾತಿನ ಲೆಕ್ಕ ಹಿಮ ಬೀಳುವ ಊರಿಗೆ ಹೊಂದೀತು, ನಮ್ಮ ಊರಿಗೆ ಅದು ಅತಿಯಾಯಿತು. ಹೀಟರ್ ತೊಟ್ಟಿಯನ್ನು ಕಾಯಿಸುವಷ್ಟು ದೊಡ್ಡದಿರಬೇಕು, ಆದರೆ ಕೆಟ್ಟು ನಿಂತರೂ ಕೊಲ್ಲಲಾಗದಷ್ಟು ಚಿಕ್ಕದಿರಬೇಕು ಎಂಬುದು ಈ ಒಂದೂವರೆ ಯೂನಿಟ್ಟೂ ಖರ್ಚಾಗದ ಪರೀಕ್ಷೆಯಿಂದ ನನಗೆ ಮನದಟ್ಟಾಯಿತು. ಈಗ ನನ್ನಲ್ಲಿರುವುದು 100 ವ್ಯಾಟಿನ ಎರಡು ಹೀಟರ್. ಒಂದು ಅಂಟಿಕೊಂಡರೆ ಇನ್ನೊಂದು ತಾನಾಗಿ ಆರಿರುತ್ತದೆ, ನೀರು 27ರ ಸುತ್ತ ನಿಲ್ಲುತ್ತದೆ. ಒಂದು ಸುಟ್ಟುಹೋದರೆ ಇನ್ನೊಂದು ಬೆಳಗಿನವರೆಗೆ ಹೇಗೋ ನಿಭಾಯಿಸುತ್ತದೆ.

ಇವೆರಡಕ್ಕೂ ಮೇಲೆ, ನೀರಿನ ಉಷ್ಣತೆ ಅಳೆದು ಹೀಟರುಗಳನ್ನು ಉರಿಸಿ ಆರಿಸುವ ಒಂದು ಪ್ರತ್ಯೇಕ ಕಂಟ್ರೋಲರ್ ಕೂರಿಸಿದ್ದೇನೆ. ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗಳಿಗೆ ಬಳಸುವ ಎಸ್‌ಟಿಸಿ-1000 ಎಂಬ ಅಗ್ಗದ ಸಾಧನವೂ ಈ ಕೆಲಸಕ್ಕೆ ಆಗುತ್ತದೆ, ಆದರೆ ಅದರ ವೈರಿಂಗನ್ನು ಬಲ್ಲವರಿಂದಲೇ ಮಾಡಿಸಿ ಮುಚ್ಚಿದ ಡಬ್ಬಿಯಲ್ಲಿ ಇಡಿಸಬೇಕು. ಸ್ನಾನದ ಮನೆಯ ಗೀಸರಿನಲ್ಲಿ ಥರ್ಮೋಸ್ಟ್ಯಾಟಿನ ಜೊತೆ ಅದು ಕೈಕೊಟ್ಟಾಗ ಕಡಿಯುವ ಇನ್ನೊಂದು ಕಟೌಟ್ ಇರುತ್ತದಲ್ಲ, ಇದೂ ಅದೇ ಏರ್ಪಾಡು. ಕಂಟ್ರೋಲರ್ 25.8ಕ್ಕೆ ಆರಿಸುತ್ತದೆ, ಹೀಟರುಗಳ ಸ್ವಂತ ತಿರುಗಣಿಯನ್ನು 27ಕ್ಕೆ ಇಟ್ಟಿದ್ದೇನೆ. ಒಂದು ಎಚ್ಚರ ಬೇಕು: ಕಂಟ್ರೋಲರಿನ ಸೆನ್ಸರ್ ವೈರು ಜಾರಿ ನೀರಿನಿಂದ ಹೊರಬಿದ್ದರೆ, ಅದು 20 ಡಿಗ್ರಿಯ ಗಾಳಿಯನ್ನು ಅಳೆದು ಹೀಟರನ್ನು ಉರಿಸುತ್ತಲೇ ಇರುತ್ತದೆ. ಬರೀ ರಬ್ಬರಿನ ಹಿಡಿಕೆಯನ್ನು ನಂಬದೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದೇನೆ. ಗಾಜಿನ ಬದಲು ಟೈಟಾನಿಯಂ ಹೀಟರ್ ಕೊಳ್ಳುವುದಾದರೆ ಒಡೆಯುವ ಭಯವಿಲ್ಲ, ಉಪ್ಪಿಗೂ ಅದು ಜಗ್ಗುವುದಿಲ್ಲ, ಆದರೆ ಅರ್ಥಿಂಗ್ ಇರುವ ಮೂರು ಪಿನ್ನಿನದೇ ಆಗಿರಲಿ. ನನ್ನ ಹಳೆಯದಕ್ಕೆ ಎರಡೇ ಪಿನ್ ಇತ್ತು, ಅದೂ ಅಡಾಪ್ಟರಿನಲ್ಲಿ ಲಡಲಡ ಅಲ್ಲಾಡುತ್ತಿತ್ತು.

ದುಬಾರಿಯದು ಕೊಂಡರೆ ಇದೆಲ್ಲ ಬೇಡ ಎನ್ನುವವರಿಗೆ ಒಂದು ಮಾತು. 2011ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮೂಲಕ ಒಂದೇ ಸಲಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಅಕ್ವೇರಿಯಂ ಹೀಟರುಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಲಾಯಿತು. ಅತಿಯಾಗಿ ಕಾದು ಒಡೆಯುವುದೇ ಅವುಗಳ ದೋಷವಾಗಿತ್ತು.

ಹೀಟರುಗಳು ಈಗ ಸಂಪಿನ ಮೊದಲ ಕೋಣೆಯಲ್ಲಿ, ನೀರಿನ ಮಟ್ಟ ಎಂದೂ ಬದಲಾಗದ ಕಡೆ, ಹರಿವಿನ ನಡುವೆ ಅಡ್ಡಡ್ಡ ಮಲಗಿವೆ. ನೀರು ಬದಲಿಸುವ ಅರ್ಧ ಗಂಟೆ ಮೊದಲೇ ಅವುಗಳ ಪ್ಲಗ್ ಕಳಚಿ, ನೀರು ಮುಟ್ಟುವ ಮೊದಲು ಆ ಪ್ಲಗ್ಗುಗಳನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ. ಎಕ್ಸ್‌ಟೆನ್ಷನ್ ಬಾಕ್ಸನ್ನು ಕಪಾಟಿನಿಂದ ತೆಗೆದು ಪಕ್ಕದ ಗೋಡೆಗೆ, ಎದೆಮಟ್ಟದಲ್ಲಿ, ಮೊಳೆ ಹೊಡೆದು ಕೂರಿಸಿದ್ದೇನೆ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರುವುದರಿಂದ ವೈರಿನ ಗುಂಟ ಇಳಿದ ಹನಿ ಆ ಜೋಲಿಯಲ್ಲೇ ತೊಟ್ಟಿಕ್ಕುತ್ತದೆ. ಹೀಟರುಗಳ ಪ್ಲಗ್ಗಿಗೆ ಕೆಂಪು ಟೇಪು, ಪಂಪಿನದಕ್ಕೆ ನೀಲಿ. ಪಂಪಿಗೂ ಹೀಟರಿಗೂ ಬೇರೆ ಬೇರೆ ಆರ್‌ಸಿಸಿಬಿ ಹಾಕಿಸಿದ್ದು ಸ್ವಲ್ಪ ಅತಿ ಎಂದು ಎಲೆಕ್ಟ್ರಿಷಿಯನ್ ನಕ್ಕರು. ಆದರೆ ಹೀಟರಿನಿಂದ ಕರೆಂಟು ಸೋರಿ ಆರ್‌ಸಿಸಿಬಿ ಬಿದ್ದಾಗ ಪಂಪೂ ನಿಂತರೆ ಮೀನು ಬಿಸಿಗೆ ಬದಲು ಉಸಿರುಗಟ್ಟಿ ಸಾಯುತ್ತದೆ ಎಂದ ಮೇಲೆ ಸುಮ್ಮನಾದರು. ತಿಂಗಳ ಮೊದಲ ದಿನ ಎರಡರ ಟೆಸ್ಟ್ ಗುಂಡಿಯನ್ನೂ ಒತ್ತಿ ನೋಡುತ್ತೇನೆ. ಹೀಟರುಗಳ ಬೆನ್ನಿಗೆ ಮಾರ್ಕರಿನಲ್ಲಿ ಹಾಕಿದ ತಾರೀಕು ಬರೆದಿದೆ, ಎರಡು ವರ್ಷ ತುಂಬಿದ ದಿನ, ಉರಿಯುತ್ತಿದ್ದರೂ, ಅವು ಕಸದ ಬುಟ್ಟಿಗೆ. ಊರಿಗೆ ಹೋದಾಗ ಸಂಜೆ ಅಮ್ಮನಿಗೆ ಫೋನು ಮಾಡಿದರೆ, ಊಟದ ವಿಚಾರಕ್ಕೂ ಮೊದಲು ಅವರೇ ಹೇಳುತ್ತಾರೆ: “ಇಪ್ಪತ್ತೈದು ಪಾಯಿಂಟ್ ಏಳು. ಗಾಜು ತಣ್ಣಗಿದೆ.”